ಕಾಕಾ ಕೇಳಿಸಿಕೊಂಡ ಮಾತು

ಸ್ಟುಡಿಯೋ ಕಾಕಾರ ಬಲಗಣ್ಣಿನ ಸುತ್ತ ಒಂದು ದುಂಡನೆಯ ಕಪ್ಪು ಗುರುತಿತ್ತು. ವರ್ಷಗಟ್ಟಲೆ ಕ್ಯಾಮೆರಾದ ಕಿಂಡಿಗೆ ಕಣ್ಣು ಒತ್ತಿ ಒತ್ತಿ, ಅದರ ರಬ್ಬರಿನ ಅಂಚು ಚರ್ಮದ ಮೇಲೆ ಹಾಗೇ ಕೂತುಬಿಟ್ಟಿತ್ತು. ಮುಖ ತೊಳೆದರೂ ಹೋಗುತ್ತಿರಲಿಲ್ಲ. ಶಾಲೆಗೆ ಫೋಟೋ ತೆಗೆಯಲು ಬಂದಾಗ ಮಕ್ಕಳಾದ ನಾವು ಅದನ್ನೇ ನೋಡುತ್ತಿದ್ದೆವು. ಕಾಕಾ ಅದಕ್ಕೇ ಕಾಯುತ್ತಿದ್ದವರಂತೆ, “ಹಾಂ, ಹಂಗ ನೋಡ್ರಿ” ಎಂದು ಗುಂಡಿ ಒತ್ತುತ್ತಿದ್ದರು.

ಅವರ ಸ್ಟುಡಿಯೋ ಕಾಗವಾಡದ ಪೇಟೆಯಲ್ಲಿತ್ತು. ನಮ್ಮ ಊರು ಅಲ್ಲಿಂದ ಮೂರು ಮೈಲಿ. ನನ್ನ ಏಳನೇ ಇಯತ್ತೆಯ ಫೋಟೋ, ನನ್ನ ಮದುವೆಯ ಫೋಟೋ, ಮದುವೆಯಾಗಿ ಆರು ವರ್ಷಕ್ಕೆ ಗಂಡ ತೀರಿಕೊಂಡಾಗ ಗೋಡೆಗೆ ಹಾಕಲು ದೊಡ್ಡದು ಮಾಡಿಸಿದ ಫೋಟೋ, ಎಲ್ಲ ಅವರ ಕೈಯಿಂದಲೇ ಆದದ್ದು. ಆ ಕೊನೆಯದನ್ನು ಕೊಡುವಾಗ ಕಾಕಾ ನನ್ನ ಮುಖ ನೋಡಲಿಲ್ಲ. ಗಾಜು ಕೂರಿಸಿದ ಚೌಕಟ್ಟನ್ನು ಕಾಗದದಲ್ಲಿ ಸುತ್ತಿ ಕೈಗಿತ್ತು, “ಹುಷಾರಿಂದ ಒಯ್ಯವಾ, ಕಾಜ ಐತಿ” ಎಂದಷ್ಟೇ ಹೇಳಿದರು. ಆಮೇಲೆ ನನಗೆ ಕಾಗವಾಡದ ದವಾಖಾನೆಯಲ್ಲಿ ರಕ್ತ ತಪಾಸಣೆಯ ಕೆಲಸ ಸಿಕ್ಕಿತು. ಮಗಳನ್ನು ಕಟ್ಟಿಕೊಂಡು ಅಲ್ಲೇ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆ.

ಮೊದಲು ಕಾಕಾರ ಹತ್ತಿರ ಮದುವೆ ಶೂಟಿಂಗಿಗೆ ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮೆರಾ ಇತ್ತು. ಕ್ಯಾಸೆಟ್ಟು ಹಾಕಿದರೆ ಒಂದು ತಾಸು ತಡೆಯಿಲ್ಲದೆ ಓಡುತ್ತಿತ್ತು. ಆಮೇಲೆ ಮಂದಿಗೆ ಅದು ಬೇಡವಾಯಿತು. ಮದುಮಕ್ಕಳ ಹಿಂದಿನದೆಲ್ಲ ಮಸುಕಾಗಿ, ಸಿನೆಮಾದ ಹಾಗೆ ಕಾಣಬೇಕು ಎಂದರು. ಕಾಕಾ ಮಿರಜಿಗೆ ಹೋಗಿ, ಇನ್ನೊಬ್ಬರು ಬಳಸಿದ್ದ ಡಿಎಸ್‌ಎಲ್‌ಆರ್ ಕ್ಯಾಮೆರಾ ಒಂದನ್ನು ತಂದರು. ತಂದ ದಿನದಿಂದಲೇ ಅದರ ಮೇಲೆ ಅವರ ತಕರಾರು.

“ಇದು ಫೋಟೋ ತಗ್ಯಾಕ ಹುಟ್ಟಿದ್ದು. ಇದರ ಕಡಿಂದ ವಿಡಿಯೋ ಮಾಡ್ಸೂದಂದ್ರ ಕುದರಿ ಹೆಗಲಿಗಿ ನೊಗಾ ಇಟ್ಟಂಗ ನೋಡವಾ,” ಅನ್ನುತ್ತಿದ್ದರು.

ವಿಡಿಯೋ ಚಾಲೂ ಮಾಡಿದ ಕೂಡಲೇ ಕಣ್ಣಿಡುವ ಕಿಂಡಿ ಕತ್ತಲಾಗುತ್ತಿತ್ತು. ಹಿಂದಿನ ಪರದೆ ನೋಡಿಯೇ ಶೂಟಿಂಗ್ ಮಾಡಬೇಕು. ಬಿಸಿಲಿನಲ್ಲಿ ಆ ಪರದೆಯೂ ಕಾಣದು. ಆಗ ಕಾಕಾ ತಮ್ಮ ಹೆಂಡತಿಯ ಹಳೆಯ ಕರಿ ಸೀರೆಯ ತುಂಡೊಂದನ್ನು ತಲೆಯ ಮೇಲೆ ಹೊದ್ದು ನಿಲ್ಲುತ್ತಿದ್ದರು. ಮದುಮಗ ಎರಡು ಹೆಜ್ಜೆ ಮುಂದೆ ಬಂದರೆ ಮುಖ ಮಂಜಾಗುತ್ತಿತ್ತು, ಮತ್ತೆ ಕೈಯಿಂದ ತಿರುವಿ ಸರಿ ಮಾಡಬೇಕು. ಕ್ಯಾಮೆರಾದ ಮೈಕಿಗೆ ಮಾತಿಗಿಂತ ಫ್ಯಾನಿನ ಸದ್ದೇ ಜೋರಾಗಿ ಕೇಳುತ್ತಿತ್ತು, ಅದಕ್ಕೇ ಎಲ್ಲಿ ಹೋದರೂ ಫ್ಯಾನು ಬಂದ್, ಮೊಬೈಲು ಬಂದ್. ಬೇಸಿಗೆಯ ಮದುವೆಗಳಲ್ಲಿ ಅದು ಕಾದು ತಾನಾಗಿ ಆರಿಹೋಗುತ್ತಿತ್ತು. ಮಂಗಸೂಳಿಯ ಒಂದು ಮದುವೆಯಲ್ಲಿ ಕಾಕಾ ಕಂಬದ ಮರೆಯಲ್ಲಿ ಕೂತು ಲಗ್ನಪತ್ರಿಕೆಯಿಂದ ಕ್ಯಾಮೆರಾಕ್ಕೆ ಗಾಳಿ ಹಾಕುತ್ತಿದ್ದುದನ್ನು ನಾನೇ ನೋಡಿದ್ದೇನೆ. ತಾವು ಮಾತ್ರ ಬೆವರಿನಲ್ಲಿ ತೊಯ್ದಿದ್ದರು.

ಎಲ್ಲಕ್ಕಿಂತ ದೊಡ್ಡ ಐಬು ಇನ್ನೊಂದಿತ್ತು. ಒಮ್ಮೆ ಚಾಲೂ ಮಾಡಿದರೆ ಹನ್ನೆರಡು ನಿಮಿಷಕ್ಕೆ ಅದು ತಾನೇ ನಿಲ್ಲುತ್ತಿತ್ತು. ಸದ್ದಿಲ್ಲ, ಸೂಚನೆಯಿಲ್ಲ. ಪರದೆಯ ಮೂಲೆಯ ಕೆಂಪು ಚುಕ್ಕಿ ಹೋಗುತ್ತಿತ್ತು, ಅಷ್ಟೆ. ಹಾಗಾಗಿ ಕಾಕಾ ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಂಡು, ಹನ್ನೊಂದಕ್ಕೆ ತಾವೇ ನಿಲ್ಲಿಸಿ ಮತ್ತೆ ಚಾಲೂ ಮಾಡುತ್ತಿದ್ದರು. ಮುಂದೆ ಯಾರು ಅಳಲಿ, ನಗಲಿ, ಅವರ ಲಕ್ಷ್ಯವೆಲ್ಲ ಗಡಿಯಾರದ ಮೇಲೆ. “ಕ್ಯಾಮೆರಾದವಗ ಕಣ್ಣ ಇರಬೇಕು, ಕಿವಿ ಇರಬಾರದು. ಮಾತ ಕೇಳ್ಕೋತ ನಿಂತಿ ಅಂದ್ರ ಕೆಲಸ ಕೆಟ್ಟತಿ,” ಎನ್ನುವುದು ಅವರ ಮಾತು.

ಆ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು. ಮಾತು ಇತ್ತು, ಆದರೆ ನಿಧಾನ. ಸಹಿ ಮಾಡುವಂತಿರಲಿಲ್ಲ. ನನಗೆ ಇಬ್ಬರು ಅಣ್ಣಂದಿರು. ಮುಂದೆ ಜಗಳ ಬೇಡ, ಅಪ್ಪ ತನ್ನ ಬಾಯಿಂದಲೇ ಹೇಳಿಬಿಡಲಿ, ಅದನ್ನು ವಿಡಿಯೋ ಮಾಡಿಸೋಣ, ಆಮೇಲೆ ಕಾಗದಪತ್ರ ಆಗಲಿ ಎಂದು ದೊಡ್ಡಣ್ಣನೇ ಸೂಚಿಸಿದ. ಮೊಬೈಲಿನಲ್ಲಿ ಮಾಡಿದರೆ ಯಾರೂ ಕಿಮ್ಮತ್ತು ಕೊಡುವುದಿಲ್ಲ ಎಂದು ಸ್ಟುಡಿಯೋ ಕಾಕಾರನ್ನು ಕರೆಸಿದ. ಅಂದು ಆಯ್ತವಾರ. ಪ್ರತಿ ಆಯ್ತವಾರ ನಾನು ಅಪ್ಪನ ಔಷಧ ತೆಗೆದುಕೊಂಡು ಊರಿಗೆ ಹೋಗುತ್ತಿದ್ದೆ. ಆ ವಾರ ದವಾಖಾನೆಯಲ್ಲಿ ಜೊತೆಯವಳು ರಜೆ ಹಾಕಿದ್ದಳು, ಹೋಗಲಾಗಲಿಲ್ಲ. ಅವ್ವ ಅಡುಗೆಮನೆಯಲ್ಲಿದ್ದಳು. ಕೋಣೆಯಲ್ಲಿ ಅಪ್ಪ, ಇಬ್ಬರು ಅಣ್ಣಂದಿರು, ಕಾಕಾ. ನಾಲ್ಕೇ ಜನ.

ಶುಕ್ರವಾರ ಮುಂಜಾನೆ ಅಪ್ಪ ಹೋದ.

ಹದಿಮೂರನೆಯ ದಿನ ಊಟ ಮುಗಿದು, ಹೊತ್ತು ಇಳಿಯುವ ಮುಂಚೆ ಬೀಗರು ಬಿಜ್ಜರೆಲ್ಲ ಪಡಸಾಲೆಯಲ್ಲಿ ಕೂತರು. ದೊಡ್ಡಪ್ಪ ಹಿರಿಯರಾಗಿ ನಡುವೆ ಕೂತಿದ್ದರು. ಕಾಕಾ ಪೆನ್‌ಡ್ರೈವ್ ತಂದು ಟಿವಿಗೆ ಹಚ್ಚಿ, ಬಾಗಿಲ ಹತ್ತಿರ ನಿಂತರು. ಅಪ್ಪನ ಮುಖ ಬಂತು. ಸತ್ತು ಹದಿಮೂರು ದಿನಕ್ಕೆ ಅಪ್ಪ ಮಾತಾಡತೊಡಗಿದ. ಕಬ್ಬಿನ ಹೊಲ ದೊಡ್ಡವನಿಗೆ, ಹಳ್ಳದ ಕಡೆಯದು ಸಣ್ಣವನಿಗೆ, ಮನೆಯಲ್ಲಿ ಇಬ್ಬರೂ ಅರ್ಧರ್ಧ. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದ. ನಡುವೆ ಎರಡು ಕಡೆ ಚಿತ್ರ ತುಸು ಜಿಗಿಯಿತು, ಕಾಕಾ ನಿಲ್ಲಿಸಿ ಚಾಲೂ ಮಾಡಿದ್ದ ಜಾಗಗಳು. ಕೊನೆಗೆ ಅಪ್ಪ ಬಾಗಿಲ ಕಡೆ ನೋಡಿ, “ಇನ್ನ ಉಳದಾಕಿ ನನ್ನ ಮಗಳು. ಆಕೀ…” ಎಂದ. ಅಪ್ಪನ ಬಾಯಿ ತೆರೆದೇ ಇತ್ತು. ಪರದೆ ಕಪ್ಪಾಯಿತು.

ದೊಡ್ಡಪ್ಪ ಕೇಳಿದರು: “ಆಕೀಗಿ ಏನಂದ?”

ದೊಡ್ಡಣ್ಣ ನೆಲ ನೋಡುತ್ತಾ ಹೇಳಿದ: “ಆಕೀಗಿ ಮದವ್ಯಾಗ ಬಂಗಾರ ಕೊಟ್ಟಾಗೇತಿ ಅಂದ್ರು. ಅಷ್ಟ.”

“ಹಂಗ ಅಂದಿಲ್ರಿ ಯಜಮಾನ್ರ.”

ಎಲ್ಲರೂ ಬಾಗಿಲ ಕಡೆ ತಿರುಗಿದರು. ಕಾಕಾ ಕೈಕಟ್ಟಿ ನಿಂತಿದ್ದರು. ಸಣ್ಣಣ್ಣ ಎದ್ದ. “ನೀವು ಶೂಟಿಂಗ ಮಾಡಾಕ ಬಂದಾವ್ರು. ನಮ್ಮ ಮನೀ ಮಾತಿನ್ಯಾಗ ನಿಮಗೇನ ಕೆಲಸ?”

“ಕೆಲಸ ಇಲ್ಲ ಖರೆ. ಆದ್ರ ನಾ ಅಲ್ಲೇ ಇದ್ದೆ. ನನ್ನ ಕಿವೀಲೆ ಕೇಳೇನಿ.” ಕಾಕಾ ದೊಡ್ಡಪ್ಪನ ಕಡೆ ತಿರುಗಿ ಒಂದೊಂದೇ ಮಾತು ಹೇಳಿದರು. “ಅವರು ಅಂದದ್ದು ಹಿಂಗ: ‘ಆಕೀ ಕಡಿಂದ ಯಾರೂ ಸಹಿ ತಗೋಬ್ಯಾಡ್ರಿ. ಬಾಂವಿ ಕಡಿ ದ್ರಾಕ್ಷಿ ಹೊಲದ ಪಟ್ಟಿ ಆಕೀದು. ಗಂಡ ಸತ್ತಾಕೀ ಅಂತ ಕೊಡಾಕತ್ತಿಲ್ಲ, ನನ್ನ ಮಗಳಂತ ಕೊಡಾಕತ್ತೀನಿ.’”

ಹೇಳುವಾಗ ಟಿವಿಯಲ್ಲಿ ಅಪ್ಪ ತಡೆಯುತ್ತಿದ್ದ ಹಾಗೆಯೇ ಅವರೂ ತಡೆದರು. ಅದು ಅಪ್ಪನದೇ ಮಾತಿನ ಧಾಟಿ.

“ಹಂಗಿದ್ರ ರೆಕಾರ್ಡ ಎಲ್ಲಿ ಐತಿ?” ಸಣ್ಣಣ್ಣ ಕೂಗಿದ.

“ರೆಕಾರ್ಡ ಇಲ್ಲ. ಹನ್ನೆಡ್ಡ ನಿಮಿಷಕ್ಕ ಕ್ಯಾಮೆರಾ ನಿಂತತಿ. ನಾ ನೋಡಲಿಲ್ಲ. ತಪ್ಪ ನಂದ.” ಕಾಕಾ ಇನ್ನೂ ಒಂದು ಮಾತು ಸೇರಿಸಿದರು. “ಅವತ್ತ ನಿಮ್ಮ ದೊಡ್ಡಣ್ಣಾರಿಗಿ ಹೇಳಿದ್ನಿ, ಕಡೀ ಮಾತ ಬಂದಿಲ್ಲ, ಇನ್ನೊಮ್ಮೆ ಹೇಳ್ಸೂನು ಅಂತ. ಅಪ್ಪಾರು ದಣದಾರ, ಬರೂ ಆಯ್ತವಾರ ಮಾಡೂನು ಅಂದ್ರು.”

ದೊಡ್ಡಣ್ಣ ತಲೆ ಎತ್ತಲಿಲ್ಲ. ದೊಡ್ಡಪ್ಪ, ಕಾಣದ್ದನ್ನು ಕೇಳದ್ದನ್ನು ಹಿಡಿದು ನ್ಯಾಯ ಮಾಡಲಾಗದು, ಟಿವಿಯಲ್ಲಿ ಎಷ್ಟು ಬಂತೋ ಅಷ್ಟೇ ಎಂದು ಎದ್ದುಬಿಟ್ಟರು. ಕಾಕಾ ಚಪ್ಪಲಿ ಮೆಟ್ಟಿ ಹೋದರು. ಅವರನ್ನು ಅಂಗಳದವರೆಗೆ ಕಳಿಸಲೂ ನಾನು ಏಳಲಿಲ್ಲ.

ಆಮೇಲೆ ನಡೆದದ್ದು ಹೇಳಲು ಬೇಸರವಾಗುತ್ತದೆ. ಸಣ್ಣಣ್ಣ ಪೇಟೆಯಲ್ಲಿ ಕಂಡಕಂಡವರಿಗೆ ಹೇಳುತ್ತಾ ಹೋದ: ನಮ್ಮಪ್ಪನ ಕೊನೆಯ ಮಾತು ಕೆಡಿಸಿದ, ಮೇಲೆ ಸುಳ್ಳು ಹೇಳಿ ಮನೆ ಒಡೆಯಲು ಬಂದ. ಕ್ಯಾಮೆರಾದವನೇ ನಾಲ್ಕು ಜನರ ಮುಂದೆ ನನ್ನ ಕ್ಯಾಮೆರಾ ನಿಂತಿತು, ನಾನು ನೋಡಲಿಲ್ಲ ಎಂದ ಮೇಲೆ ಅವನನ್ನು ಮದುವೆಗೆ ಯಾರು ಕರೆಯುತ್ತಾರೆ? ಆ ಬೇಸಿಗೆ ಮಾತು ಕೊಟ್ಟಿದ್ದವರು ಒಬ್ಬೊಬ್ಬರಾಗಿ ಬೇರೆಯವರನ್ನು ಗೊತ್ತು ಮಾಡಿಕೊಂಡರು. ಕ್ಯಾಮೆರಾ ಕೆಟ್ಟಿತ್ತು, ಕಾರ್ಡು ಕೆಟ್ಟಿತ್ತು ಎಂದು ಸಾವಿರ ನೆಪ ಹೇಳಬಹುದಿತ್ತು. ಕಾಕಾ ಯಾರು ಕೇಳಿದರೂ ಅದನ್ನೇ ಹೇಳಿದರು: “ನಾ ನೋಡಲಿಲ್ಲ.”

ಅಷ್ಟಕ್ಕೆ ನಿಲ್ಲಲಿಲ್ಲ. ಆ ವಿಧವೆಗೂ ಆ ಸ್ಟುಡಿಯೋದವನಿಗೂ ಏನೋ ಇರಬೇಕು, ಇಲ್ಲದಿದ್ದರೆ ಇವನಿಗೇಕೆ ಇಷ್ಟು ಕಕ್ಕುಲಾತಿ ಎಂಬ ಮಾತು ದವಾಖಾನೆಯವರೆಗೆ ಬಂತು. ಮರುದಿನ ಮಧ್ಯಾಹ್ನ ಕಾಕಾರ ಹೆಂಡತಿ ಡಬ್ಬಿ ಹಿಡಿದುಕೊಂಡು ಬಂದರು. ನಾನು ಅವರಿಗೆ ಕಾಕು ಅನ್ನುತ್ತಿದ್ದೆ. ಒಳಗೆ ಬನ್ನಿ ಎಂದರೆ ಬರಲಿಲ್ಲ. ಪಾಳಿ ಹಚ್ಚಿದ ಮಂದಿಯೆಲ್ಲ ನೋಡುವ ಹಾಗೆ ಹೊರಗಿನ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟು, ತಾವೂ ಅದೇ ಡಬ್ಬಿಯಲ್ಲಿ ಉಂಡರು. ಒಂದು ವಾರ ದಿನಾ ಬಂದರು. ಆ ಮಾತು ಅಲ್ಲಿಗೇ ನಿಂತಿತು.

ಇಷ್ಟೆಲ್ಲ ಆದ ಮೇಲೆ ನಾನೇನು ಮಾಡಿದೆ? ಸಹಿ ಮಾಡಿಕೊಟ್ಟೆ.

ಅಣ್ಣಂದಿರು ಹಕ್ಕು ಬಿಟ್ಟ ಕಾಗದ ಬರೆಸಿ ತಂದರು. ನಾನು ಒಂದು ತಿಂಗಳು ಆಗದು ಅಂದೆ. ಆಮೇಲೆ ಅವ್ವ ಬಂದಳು. ನನ್ನ ಮನೆಯ ಹೊಸ್ತಿಲಲ್ಲೇ ಕೂತು ಅತ್ತಳು. “ಅಣ್ಣಾಗೋಳ ಬಾಗಲಾ ಮುಚ್ಚಿಕೊಂಡ್ರ ನಾಳೆ ನನ್ನ ಹೆಣಾ ನೋಡಾಕ ಯಾ ಬಾಗಲದಾಗ ಬರ್ತಿ?” ಎಂದಳು. ಅಥಣಿಯ ನೋಂದಣಿ ಕಚೇರಿಯಲ್ಲಿ ಸಹಿಯ ಜೊತೆಗೆ ಹೆಬ್ಬೆಟ್ಟೂ ಒತ್ತಿಸಿಕೊಂಡರು. ಮೇಜಿನ ಮೇಲಿನ ಪುಟ್ಟ ಕ್ಯಾಮೆರಾ ತೋರಿಸಿ, “ಇಲ್ಲಿ ನೋಡ್ರಿ ಬಾಯಾರ” ಅಂದರು. ನೋಡಿದೆ.

ಕಾಕಾರಿಗೆ ಹೇಳುವ ಧೈರ್ಯವಾಗಲಿಲ್ಲ. ಪೇಟೆಯಲ್ಲಿ ಅವರ ಅಂಗಡಿಯ ಮುಂದೆ ಹೋಗುವುದನ್ನೇ ಬಿಟ್ಟು ಹಿಂದಿನ ಓಣಿಯಿಂದ ಓಡಾಡಿದೆ. ಆದರೆ ತಪ್ಪಿಸಿಕೊಳ್ಳುವುದು ನಡೆಯಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಮೂತ್ರಪಿಂಡಕ್ಕೆ ಏರಿತು. ತಿಂಗಳಿಗೊಮ್ಮೆ ರಕ್ತ ಕೊಡಲು ನನ್ನ ಮೇಜಿನ ಮುಂದೆಯೇ ಬಂದು ಕೂತರು. ಮೊದಲ ಸಲ ತೋಳಿಗೆ ಪಟ್ಟಿ ಕಟ್ಟುತ್ತಾ, ಮುಖ ನೋಡದೆ, “ಕಾಕಾ, ನಾ ಸಹಿ ಮಾಡೇನ್ರಿ” ಅಂದೆ.

“ಗೊತ್ತೈತಿ,” ಅಂದರು.

ಸೂಜಿ ಚುಚ್ಚಿದೆ. ಸೀಸೆ ತುಂಬಿತು. ಆಮೇಲೆ ಅವರೇ ಮಾತು ತೆಗೆದರು.

“ನಾ ನಿನ್ನ ಸಲುವಾಗಿ ಹೇಳಿದ್ನಿ ಅಂತ ತಿಳ್ಕೋಬ್ಯಾಡ ಯವ್ವಾ. ನನ್ನ ಸ್ಟುಡಿಯೋ ಜಾಗಾ ಐತೆಲ್ಲ, ಅದರಾಗ ಅರ್ಧಾ ನನ್ನ ತಂಗೀದು. ಇಪ್ಪತ್ತೈದ ವರ್ಷದ ಹಿಂದ ಆಕೀ ಕಡಿಂದ ಸಹಿ ತಗೊಂಡ್ನಿ. ನಕ್ಕೋತ ಮಾಡಿದ್ಲು. ಅವತ್ತಿಂದ ನಮ್ಮನ್ಯಾಗ ನೀರ ಮುಟ್ಟಿಲ್ಲ.” ಹತ್ತಿ ಒತ್ತಿ ಹಿಡಿದುಕೊಂಡು ಮತ್ತೆ ಹೇಳಿದರು: “ನಿಮ್ಮಪ್ಪ ಪಾಲ ಹಂಚೂ ಮಾತ ಕೇಳ್ಕೋತ ತಂಗಿ ನೆನಪಾಗಿ, ನನಗ ಗಡಿಯಾರ ನೋಡೂದ ಮರತ ಹೋತು. ‘ಸಹಿ ತಗೋಬ್ಯಾಡ್ರಿ’ ಅಂದಾಗಂತೂ ಅವರ ಮಾರಿನ ನೋಡ್ಕೋತ ನಿಂತ ಬಿಟ್ನಿ. ಎಲ್ಲಾ ಮುಗದ ಮ್ಯಾಲ ನೋಡಿದ್ರ ಕೆಂಪ ಚುಕ್ಕಿ ಇಲ್ಲ.”

ತಂಗಿಯನ್ನು ಕರೆಯಲು ಹೋಗಿದ್ದಿರಾ ಎಂದು ಕೇಳಿದೆ. ಹೋಗಿದ್ದರಂತೆ, ರಾಯಬಾಗಕ್ಕೆ, ಎರಡು ಸಲ. ಚಹಾ ಕೊಟ್ಟಳು, ಮಾತಾಡಲಿಲ್ಲ ಎಂದರು.

ಹೀಗೆ ನಾಲ್ಕು ವರ್ಷ ಅವರ ರಕ್ತ ತೆಗೆದೆ. ಪ್ರತಿ ಸಲವೂ ಅಂಕಿ ಏರುತ್ತಿತ್ತು. ರಿಪೋರ್ಟು ಕೈಗೆ ಕೊಡುವ ಮುಂಚೆಯೇ ನನ್ನ ಮುಖ ನೋಡಿ, “ಇರ್ಲಿ ಬಿಡು” ಅನ್ನುತ್ತಿದ್ದರು. ಸ್ಟುಡಿಯೋದಲ್ಲಿ ಆಧಾರಿಗೆ, ಪಾಸ್‌ಪೋರ್ಟಿಗೆ ಬೇಕಾದ ಸಣ್ಣ ಫೋಟೋ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಕೊನೆಗೆ ವಾರಕ್ಕೆರಡು ಸಲ ಮಿರಜಿಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಂಡು ಬರತೊಡಗಿದರು. ಕಾಕು ಜೊತೆಗಿರುತ್ತಿದ್ದರು.

ಹೋದ ವರ್ಷ ಕಬ್ಬಿನ ಹಂಗಾಮು ಮುಗಿಯುತ್ತ ಬಂದಾಗ ಕಾಕಾ ತೀರಿಕೊಂಡರು. ಮಣ್ಣಿಗೆ ಬಹಳ ಮಂದಿ ಬಂದಿರಲಿಲ್ಲ. ರಾಯಬಾಗದ ತಂಗಿ ಬಂದಿದ್ದರು, ಗೋಡೆಗೆ ಒರಗಿ ನಿಂತಿದ್ದರು, ಅಳುತ್ತಿರಲಿಲ್ಲ. ನನ್ನ ದೊಡ್ಡಣ್ಣ ಕೂಡ ಬಂದಿದ್ದ. ನಾನು ಅವನನ್ನು ನಿರೀಕ್ಷಿಸಿರಲಿಲ್ಲ. ಎಲ್ಲ ಮುಗಿದು ಮರಳುವಾಗ ನನ್ನ ಪಕ್ಕಕ್ಕೆ ಬಂದು, ಯಾರಿಗೂ ಕೇಳದ ಹಾಗೆ ಹೇಳಿದ: “ಆಂವ ಅಂದದ್ದ ಖರೇ ಇತ್ತವಾ.”

ನಾನು ನಿಂತೆ. “ಏನ ಖರೇ ಇತ್ತು? ಪೂರ್ತಿ ಹೇಳು.”

“ಸಹಿ ತಗೋಬ್ಯಾಡ್ರಿ ಅಂದಿದ್ದ ಅಪ್ಪಾ. ದ್ರಾಕ್ಷಿ ಪಟ್ಟಿನೂ.” ಅಷ್ಟು ಹೇಳಿ ಗಾಡಿ ಚಾಲೂ ಮಾಡಿಕೊಂಡು ಹೋದ.

ಕಾಕುಗೆ ಸಮಾಧಾನವಾದೀತೆಂದು ನಾಲ್ಕು ದಿನ ಬಿಟ್ಟು ಹೋಗಿ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು.

“ನಿನ್ನ ಕಿವ್ಯಾಗ ಹೇಳಿದ್ರ ಏನಾತವಾ? ಅವರ ಹೇಳಿದ್ದು ಪಡಸಾಲಿ ತುಂಬ ಮಂದಿ ಮುಂದ. ಸುಳ್ಳಗಾರ ಅನಿಸ್ಕೊಂಡಿದ್ದು ಪ್ಯಾಟಿ ಮಂದಿ ಮುಂದ. ನಿಮ್ಮಣ್ಣಗ ಅಷ್ಟೂ ಮಂದಿ ಮುಂದ ಹೇಳಾಕ ಹೇಳು.”

ಅಣ್ಣನನ್ನು ಎರಡು ಸಲ ಕೇಳಿದೆ. ಮೊದಲ ಸಲ ನೋಡೋಣ ಅಂದ. ಎರಡನೆಯ ಸಲ ಫೋನು ಎತ್ತಲಿಲ್ಲ. ಅವನೊಬ್ಬನನ್ನೇ ದೂರುವುದು ಹೇಗೆ? ಆ ದಿನ ಪಡಸಾಲೆಯಲ್ಲಿ ಕಾಕಾ ಹೇಳಿದ ಒಂದೊಂದು ಮಾತೂ ಅಪ್ಪನದೇ ಎಂದು ನನಗೆ ಆಗಲೇ ತಿಳಿದಿತ್ತು. ತಿಳಿದೂ, ಅವರು ಬದುಕಿದ್ದಷ್ಟು ಕಾಲ, ಅವರು ಹೇಳಿದ್ದು ನಿಜವೆಂದು ನಾನು ಒಬ್ಬರೆದುರಿಗೂ ಬಾಯಿ ತೆರೆದು ಹೇಳಲಿಲ್ಲ.