ಹರಿದ ಕಾಗದದ ನಾಲ್ಕನೆಯ ತುಂಡು

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಬರುವ ಕಾಗದಗಳನ್ನು ಓದಿ ಹೇಳುವ ಕೆಲಸ ನನ್ನದಾಗಿತ್ತು. ನಂಜನಗೂಡು ತಾಲ್ಲೂಕಿನಲ್ಲಿ, ದೇವನೂರಿಗೆ ಸಮೀಪದ ಹಳ್ಳಿ ನಮ್ಮದು. ಅಪ್ಪ ಅಲ್ಲಿ ಒಂದು ಆಲೆಮನೆ ನಡೆಸುತ್ತಿದ್ದ. ಕಬ್ಬು ಅರೆದು, ಅದರ ಹಾಲು ಕಾಯಿಸಿ, ಬೆಲ್ಲ ಮಾಡುವ ಜಾಗಕ್ಕೆ ಆಲೆಮನೆ ಎನ್ನುತ್ತಾರೆ. ಅಪ್ಪ, ಅಮ್ಮ, ಅಜ್ಜಿ ಮೂವರಿಗೂ ಓದು ಬರುತ್ತಿರಲಿಲ್ಲ. ಅಕ್ಕ ಹತ್ತನೆಯ ತರಗತಿಯವಳು. ಬೆಳಿಗ್ಗೆ ಬಸ್ಸು ಹತ್ತಿ ನಂಜನಗೂಡಿನ ಶಾಲೆಗೆ ಹೋದರೆ ಮರಳುವುದು ಸಂಜೆಗೆ. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿ ಜಗುಲಿಗೆ ಓಡಿಬರುತ್ತಿದ್ದವನು ಊರಿನ ಶಾಲೆಯಲ್ಲೇ ಆರನೆಯ ತರಗತಿ ಓದುತ್ತಿದ್ದ ನಾನು.

ಆ ಕಾಲದ ಒಂದು ವಾಡಿಕೆಯನ್ನು ನಿಮಗೆ ಮೊದಲೇ ಹೇಳಿಬಿಡಬೇಕು. ಸಾವಿನ ಸುದ್ದಿ ಹೊತ್ತು ಬಂದ ಕಾಗದವನ್ನು ನಮ್ಮಲ್ಲಿ ಹೊಸಿಲು ದಾಟಿಸುತ್ತಿರಲಿಲ್ಲ. ಜಗುಲಿಯ ಮೇಲೆ ನಿಂತೇ ಓದಿ, ಅಲ್ಲೇ ಹರಿದು, ಬೇಲಿಗೆ ಎಸೆದು, ಕಾಲಿಗೆ ನೀರು ಹಾಕಿಕೊಂಡು ಒಳಗೆ ಬರಬೇಕಿತ್ತು. ಇಟ್ಟುಕೊಂಡರೆ ಕೆಟ್ಟ ಸುದ್ದಿ ಮನೆಯಲ್ಲೇ ಠಿಕಾಣಿ ಹೂಡುತ್ತದೆ ಎಂದು ಅಜ್ಜಿ ನಂಬಿದ್ದಳು. ಅಂಥ ಎರಡು ಮೂರು ಕಾಗದಗಳನ್ನು ನಾನು ಓದಿ ಹರಿದಿದ್ದೆ. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆ ಕೆಲಸದಲ್ಲಿ ನನಗೆ ಒಂದು ಬಗೆಯ ಹೆಮ್ಮೆಯೂ ಇತ್ತು.

ಅಕ್ಕನ ಪರೀಕ್ಷೆಯ ಫಲಿತಾಂಶದ ಕಾಗದ ಬಂದದ್ದು ಒಂದು ಮಧ್ಯಾಹ್ನ, ಅವಳಿಗೆ ರಜೆಯಿದ್ದ ದಿನಗಳಲ್ಲಿ. ಅದು ಸೋಮವಾರವೆಂದು ಬಹುಕಾಲ ನಂಬಿದ್ದೆ, ಏಕೆಂದರೆ ಅಜ್ಜಿ ಅಂದು ಉಪವಾಸವಿದ್ದಳೆಂಬ ನೆನಪು. ಅಕ್ಕ ಶುಕ್ರವಾರವೆನ್ನುತ್ತಾಳೆ, ತಲೆಗೆ ನೀರು ಹಾಕಿಕೊಂಡು ಜಗುಲಿಯ ಬಿಸಿಲಿನಲ್ಲಿ ಕೂದಲು ಒಣಗಿಸುತ್ತಿದ್ದಳಂತೆ. ಅವಳ ಒದ್ದೆ ಕೂದಲಿನಿಂದ ಏಳುತ್ತಿದ್ದ ಸೀಗೆಪುಡಿಯ ವಾಸನೆ ನನಗೂ ನೆನಪಿದೆಯಾದ್ದರಿಂದ ಅವಳ ಸಾಕ್ಷ್ಯವೇ ಗಟ್ಟಿಯೆಂದು ಒಪ್ಪಿಕೊಂಡಿದ್ದೇನೆ.

ಕಾಗದಕ್ಕೆ ಅವಳು ಕೈ ಚಾಚಲಿಲ್ಲ. "ನೀನೇ ಓದ್ಲಾ" ಎಂದಳು. ಆರು ವಿಷಯಗಳು, ಆರು ಅಂಕಗಳು. ಕನ್ನಡದಲ್ಲಿ ತುಂಬ ಒಳ್ಳೆಯ ಅಂಕ ಬಂದಿತ್ತು. ಗಣಿತದ ಮುಂದೆ ಇಪ್ಪತ್ತೆಂಟು. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ 'ಅನುತ್ತೀರ್ಣ' ಎಂದು ಅಚ್ಚಾಗಿತ್ತು.

"ಅಂಗಂದ್ರೆ?" ಎಂದು ಕೇಳಿದಳು ಅಜ್ಜಿ.

"ನಪಾಸು" ಎಂದೆ.

"ಒಳಕ್ ತರಬ್ಯಾಡ ಕಣ್ಲಾ. ಅಲ್ಲೇ ಅರ್ದಾಕು."

ನಾನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ನಾಲ್ಕು ತುಂಡಾಗಿ ಹರಿದೆ. ಹರಿಯುವಾಗ ಕಾಗದದ ಹಿಂಬದಿಯಲ್ಲೂ ಸಣ್ಣ ಅಕ್ಷರಗಳ ಸಾಲುಗಳಿರುವುದು ಕಣ್ಣಿಗೆ ಬಿತ್ತು. ಹುಣಸೆಮರದ ಕೆಳಗೆ ಗೋಲಿ ಆಡುತ್ತಿದ್ದವರು ನನ್ನನ್ನು ಕರೆಯುತ್ತಿದ್ದರು. ನಾನು ಓದಲಿಲ್ಲ. ತುಂಡುಗಳನ್ನು ಕಳ್ಳಿಬೇಲಿಯತ್ತ ಎಸೆದು ಕಾಲು ತೊಳೆದುಕೊಂಡೆ.

ಅಕ್ಕ ಮರುದಿನವೇ ಪುಸ್ತಕಗಳನ್ನು ಹಳೆಯ ಸೀರೆಯಲ್ಲಿ ಗಂಟುಕಟ್ಟಿ ಅಟ್ಟಕ್ಕೆ ಹಾಕಿದಳು. ಹತ್ತನೆಯದು ಪಾಸಾದರೆ ಶಿಕ್ಷಕಿಯರ ತರಬೇತಿಗೆ ಸೇರಬೇಕೆಂಬುದು ಅವಳ ಆಸೆ. ಅಪ್ಪ ಅದಕ್ಕೆ ಹೂಂ ಎಂದೂ ಆಗಿತ್ತು. ಆದರೆ ನಪಾಸೆಂದರೆ ಇಡೀ ವರ್ಷ ಮತ್ತೆ ಶಾಲೆಗೆ ಹೋಗಿ ಆರೂ ವಿಷಯಗಳನ್ನು ಹೊಸದಾಗಿ ಓದಬೇಕೆಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಅಷ್ಟು ದೊಡ್ಡ ಹುಡುಗಿಯನ್ನು ಮತ್ತೆ ಶಾಲೆಗೆ ಕಳಿಸುವುದುಂಟೆ ಎಂದು ಅಜ್ಜಿ, ಹೆಣ್ಣು ಕೇಳಿದ್ದ ಮೂಗೂರಿನ ಕಡೆಯ ನೆಂಟರ ಮಾತೆತ್ತಿದಳು. ಅಕ್ಕ ಅಮ್ಮನ ಜೊತೆ ಆಲೆಮನೆಗೆ ಹೋಗತೊಡಗಿದಳು. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತಳ್ಳುತ್ತ ಕೂತಿರುತ್ತಿದ್ದ ಅವಳ ಮುಖ ಉರಿಯ ಬೆಳಕಿನಲ್ಲಿ ದಿನದಿನಕ್ಕೆ ದೊಡ್ಡವಳ ಮುಖವಾಗುತ್ತಿತ್ತು.

ಎರಡು ವಾರಗಳ ಮೇಲೆ ಒಂದು ಮಧ್ಯಾಹ್ನ ಅಕ್ಕನ ಶಾಲೆಯ ಗಣಿತದ ಮೇಷ್ಟ್ರು ಸೈಕಲ್ ತುಳಿದುಕೊಂಡು ಆಲೆಮನೆಗೇ ಬಂದರು. ಅಂಗಿ ಬೆನ್ನಿಗೆ ಅಂಟಿತ್ತು. ಅಪ್ಪ ಅವರಿಗೆ ಒಂದು ಚೊಂಬು ಕಬ್ಬಿನ ಹಾಲು ಕೊಟ್ಟ. ಅವರು ಅದನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಯಾಕ್ರೀ, ಅರ್ಜಿ ಕಳಿಸ್ಲಿಲ್ಲ? ಇವತ್ತೇ ಕೊನೇ ದಿನ. ಐದ್ ಗಂಟೆಗೆ ಆಫೀಸ್ ಮುಚ್ತಾರೆ."

"ಯಾವರ್ಜಿ ಸಾ? ಮಗಳು ನಪಾಸಾಗವ್ಳಲ್ಲ."

"ಒಂದ್ರಲ್ಲಿ ಕಣ್ರೀ. ಲೆಕ್ಕ ಒಂದ್ರಲ್ಲಿ. ಅದೊಂದ್ನೇ ತಿರ್ಗ ಬರುದ್ರೆ ಸಾಕು."

ಅಪ್ಪ ಸೌಟು ಕೆಳಗಿಟ್ಟ. "ಕನ್ನಡದಾಗೆ ಅಷ್ಟೊಂದ್ ಬಂದದಂತೆ. ಅದ್ರಾಗೆ ಒಸಿ ತಗದು ಲೆಕ್ಕಕ್ ಸುರ್ಕಳಕ್ ಬರಕಿಲ್ವಾ?"

"ಬರಲ್ಲ. ಒಂದೊಂದ್ರಲ್ಲೂ ಮೂವತ್ತೈದು ಬರ್‍ಲೇಬೇಕು. ಆದ್ರೆ ಪಾಸಾಗಿರೋ ಐದು ಪಾಸಾದಂಗೇ ಇರ್ತವೆ. ಯಾರೂ ಕಿತ್ಕೊಳಲ್ಲ."

ಅಪ್ಪ ಬೆಲ್ಲದ ಅಚ್ಚುಗಳನ್ನು ಜೋಡಿಸಿಟ್ಟಿದ್ದ ಹಲಗೆಯತ್ತ ನೋಡಿದ. ಅಚ್ಚಿನಿಂದ ತೆಗೆಯುವಾಗ ಒಡೆದ ಬೆಲ್ಲವನ್ನು ಪಕ್ಕಕ್ಕಿಟ್ಟು ಮುಂದಿನ ಕೊಪ್ಪರಿಗೆಗೆ ಹಾಕುವುದು ಅವನ ನಿತ್ಯದ ಕೆಲಸ. ನಿಧಾನವಾಗಿ ಹೇಳಿದ: "ಒಡದಿರದು ಒಂದಚ್ಚು. ನಾವು ಅಲಗೇನೇ ಎತ್ತಿ ಎಸ್ದುಬುಟ್ಟಿವಿ."

"ಕಾಗದದ ಹಿಂದ್ಗಡೆ ಎಲ್ಲಾ ಬರ್‍ದಿತ್ತಲ್ರೀ, ತಾರೀಕು ಸಮೇತ. ಅರ್ಜೀನೂ ಅಲ್ಲೇ ಇತ್ತು. ಯಾರೂ ತಿರುಗ್ಸಿ ನೋಡ್ಲಿಲ್ವಾ?"

ಒಲೆಯ ಮುಂದೆ ಕೂತಿದ್ದ ಅಕ್ಕ ನನ್ನ ಕಡೆಗೆ ಒಮ್ಮೆ ನೋಡಿದಳು. "ನಾನ್ ನೋಡ್ಲಿಲ್ಲ ಸಾ" ಎಂದಳು ಅವಳು.

ಅಲ್ಲಿಂದಾಚೆ ನಾವು ಮಾಡಿದ್ದು ಎರಡನೆಯ ತಪ್ಪು. ಹೊಸ ಅರ್ಜಿಯನ್ನು ಶಾಲೆಯಲ್ಲೇ ಕೊಡುತ್ತೇನೆ, ಹೊರಡಿ ಎಂದು ಮೇಷ್ಟ್ರು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. ಪಹಣಿಗಾಗಿ ತಾಲ್ಲೂಕು ಕಚೇರಿಗೆ ಅಲೆದು ನೊಂದವನು ಅವನು. "ಅಸಲಿ ಕಾಗ್ಜ ಇಲ್ದೆ ಯಾವಾಪೀಸ್ನಾಗೂ ಮುಟ್ಟಕಿಲ್ಲ ಸಾ, ನಂಗೊತ್ತು" ಎಂದು ಮನೆಗೆ ಧಾವಿಸಿದ. ಅಪ್ಪ, ಅಕ್ಕ, ನಾನು ಮೂವರೂ ಕಳ್ಳಿಬೇಲಿಯ ಬುಡದಲ್ಲಿ ಮಂಡಿಯೂರಿ ಹುಡುಕಿದೆವು. ಮುಳ್ಳಿಗೆ ಸಿಕ್ಕಿದ್ದ ಒಂದು ತುಂಡು, ತರಗೆಲೆಗಳ ಅಡಿಯಲ್ಲಿ ಒಂದು, ಕೋಳಿಗೂಡಿನ ಹಿಂದೆ ಒಂದು. ನಾಲ್ಕನೆಯದು ಸಿಗಲಿಲ್ಲ. ಕಳ್ಳಿಯ ಹಾಲು ಮುಂಗೈಗೆ ತಾಗಿ ಉರಿಯುತ್ತಿತ್ತು. ನಂಜನಗೂಡಿನ ಬಸ್ಸು ಹಾರನ್ ಮಾಡುತ್ತ ಊರಿನಿಂದಾಚೆಗೆ ಹೋದದ್ದು ನಮಗೆ ಅಲ್ಲಿಂದಲೇ ಕೇಳಿಸಿತು.

ಬೆಲ್ಲದ ಗಾಡಿಯಲ್ಲಿ ಸ್ವಲ್ಪ ದೂರ, ಆಮೇಲೆ ಯಾವುದೋ ಲಾರಿಯ ಹಿಂಬದಿಯಲ್ಲಿ ನಿಂತು ನಾವು ನಂಜನಗೂಡು ಸೇರಿದೆವು. ಮೇಷ್ಟ್ರು ಸೈಕಲ್ಲಿನಲ್ಲಿ ನಮಗಿಂತ ಮೊದಲೇ ತಲುಪಿ ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದರು. ನಮ್ಮನ್ನು ನೋಡಿಯೂ ಅವರು ಏಳಲಿಲ್ಲ. ಒಳಗೆ ಗುಮಾಸ್ತರು ಬೀರುವಿಗೆ ಬೀಗ ಹಾಕುತ್ತಿದ್ದರು.

"ಅರ್ಜಿ ಕಟ್ಟು ಓಯ್ತಲ್ಲಪ್ಪ, ಮೈಸೂರ್ ಬಸ್ನಾಗೆ. ಜವಾನ ತಗಂಡೋಗಿ ಅರ್ಧ ಗಂಟೆ ಆಯ್ತು" ಎಂದರು. ಅವರ ದನಿಯಲ್ಲಿ ಗದರಿಕೆಯಿರಲಿಲ್ಲ. ಇದ್ದಿದ್ದರೆ ಅಪ್ಪನಿಗೆ ಮಾತಾಡಲು ಸುಲಭವಾಗುತ್ತಿತ್ತೇನೋ. ಅವನು ಮೂರು ತುಂಡುಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿಟ್ಟ. ಮಾರ್ಚಿಯಲ್ಲಿ ಇನ್ನೊಂದು ಅವಕಾಶವಿದೆ, ಆಗಲೂ ಗಣಿತವೊಂದೇ ಎಂದು ಮೇಷ್ಟ್ರು ಹೇಳಿದರು. ಮರಳುವ ದಾರಿಯಲ್ಲಿ ಅಪ್ಪ ಆಡಿದ ಮಾತು ಇಷ್ಟೇ: "ಮಾರ್ಚಿ ಗಂಟ ಯಾವ ನೆಂಟ್ರೂ ಬ್ಯಾಡ ಕೂಸೇ. ಗಂಟ್ ಬಿಚ್ಚು."

ಅಕ್ಕ ಅಟ್ಟದ ಗಂಟು ಬಿಚ್ಚಿದಳು. ಮಾರ್ಚಿಯಲ್ಲಿ ಬರೆದಳು, ಪಾಸಾದಳು. ಆ ಅಂಕಪಟ್ಟಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ತರಬೇತಿಗೆ ಅರ್ಜಿ ಕರೆಯುವ ಹೊತ್ತಿಗೆ ಅಪ್ಪನ ತಾಳ್ಮೆ ಮುಗಿದಿತ್ತು, ಮೂಗೂರಿನ ನೆಂಟರು ಬಂದುಹೋಗಿದ್ದರು. ಮುಂದೆ ಅವಳು ಗಂಡನ ಊರಿನ ಅಂಗನವಾಡಿಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಅಕ್ಷರ ತಿದ್ದಿಸಿದಳು. ತರಬೇತಿಗೆ ಸೇರಿದ್ದರೆ ಅವಳ ಬದುಕು ಹೇಗಿರುತ್ತಿತ್ತೆಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಹಿಂಬದಿಯ ಅಕ್ಷರಗಳನ್ನು ನಾನು ಕಂಡಿದ್ದೆನೆಂದು ಅವಳಿಗೆ ಹೇಳಲೂ ಇಲ್ಲ.

ಮುಂದೆ ಪತ್ರಾಗಾರವೊಂದರಲ್ಲಿ ಹಳೆಯ ಕಾಗದಗಳನ್ನು ಓದುವುದೇ ನನ್ನ ಉದ್ಯೋಗವಾಯಿತು. ಪ್ರತಿ ಹಾಳೆಯನ್ನೂ ತಿರುಗಿಸಿ ನೋಡುವ, ಪ್ರತಿ ತಾರೀಖನ್ನೂ ಎರಡು ಕಡೆ ತಾಳೆ ಹಾಕುವ ನನ್ನ ಚಾಳಿಯನ್ನು ಕಂಡು ಜೊತೆಯವರು ನಗುತ್ತಿದ್ದರು. ಆ ಮೂರು ತುಂಡುಗಳು ಇನ್ನೂ ನನ್ನ ಬಳಿ ಇವೆ. ಕೊನೆಯ ದಿನಾಂಕ ಅಚ್ಚಾಗಿದ್ದದ್ದು ನಾಲ್ಕನೆಯದರಲ್ಲಿ. ಆದ್ದರಿಂದ ಅದನ್ನು ನಾನು ಇಲ್ಲಿ ಬರೆಯಲಾರೆ.

ಮಕ್ಕಳೇ, ನಿಮ್ಮ ಕಾಲದಲ್ಲಿ ಕಾಗದವೇ ಬರುವುದಿಲ್ಲ. ನಾನೀಗ ಇರುವ ಟಿ. ನರಸೀಪುರದ ಶಾಲೆಯವರು ಪ್ರತಿ ವರ್ಷ ಪೋಷಕರ ಸಭೆಗೆ ನನ್ನನ್ನು ಕರೆಯುತ್ತಾರೆ. ಹಾಜರಾತಿ ಎಷ್ಟಿರಬೇಕು, ಒಂದೊಂದು ವಿಷಯಕ್ಕೆ ಎಷ್ಟು ಅಂಕ ಬೇಕು, ಒಂದೇ ವರ್ಷದ ಮೂರು ಪರೀಕ್ಷೆಗಳಲ್ಲಿ ಯಾವುದನ್ನು ಯಾರು ಬರೆಯಬಹುದು ಎಂದು ಆ ವರ್ಷದ ಸುತ್ತೋಲೆಯನ್ನು ನೋಡಿಕೊಂಡು ವಿವರಿಸುತ್ತೇನೆ. ನಿಯಮಗಳು ಬದಲಾಗುತ್ತಲೇ ಇರುತ್ತವೆ. ಟೋಟಲ್ ಇಷ್ಟಿದೆಯಲ್ಲ ಸಾರ್, ಹೇಗೆ ಫೇಲು ಎಂಬ ಪ್ರಶ್ನೆ ಮಾತ್ರ ಬದಲಾಗಿಲ್ಲ. ಹೇಳಿ ಹೇಳಿ ದಣಿದಿದ್ದೇನೆ. ಸುತ್ತೋಲೆ ಎಲ್ಲರ ಫೋನಿನಲ್ಲೂ ಇರುತ್ತದೆ. ಕೊನೆಯ ಪುಟದವರೆಗೆ ಹೋದವರು ವಿರಳ.

ಈ ವರ್ಷ ನನ್ನ ಮೊಮ್ಮಗಳ ಹತ್ತನೆಯ ತರಗತಿಯ ಫಲಿತಾಂಶ ಫೋನಿಗೆ ಬಂತು. ವಿಜ್ಞಾನದ ಮುಂದೆ ಕೆಂಪು ಅಕ್ಷರ. ಅವಳ ತಾಯಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ನನಗೆ ಕಳ್ಳಿಬೇಲಿ ಕಂಡಂತಾಯಿತು. ಮೂಗೂರಿನಿಂದ ನಾಲ್ಕು ದಿನ ಇದ್ದು ಹೋಗಲು ಬಂದಿದ್ದ ಅಕ್ಕ, ಮೂಲೆಯ ಕುರ್ಚಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದವಳು, ತಲೆಯೆತ್ತದೆ ಹೇಳಿದಳು:

"ಹಿಂದ್ಗಡೆ ನೋಡ್ಲಾ. ಈ ಸಲನಾದ್ರೂ."

"ಫೋನಿಗೆ ಹಿಂದ್ಗಡೆ ಏನಿರತ್ತೆ ಅಜ್ಜಿ?" ಎಂದಳು ಮೊಮ್ಮಗಳು, ಅಳುವಿನ ನಡುವೆಯೇ ನಕ್ಕು.

ಅಕ್ಕ ಈಗ ತಲೆಯೆತ್ತಿ, ಅಂದು ಒಲೆಯ ಮುಂದಿನಿಂದ ನೋಡಿದಂತೆಯೇ ನನ್ನನ್ನು ನೋಡಿದಳು. ನಾನು ಕನ್ನಡಕ ಹಾಕಿಕೊಂಡು ಫೋನನ್ನು ಎತ್ತಿ, ಬೆರಳಿನಿಂದ ಪುಟವನ್ನು ಮೇಲಕ್ಕೆ ತಳ್ಳುತ್ತ ಕೊನೆಯ ಸಾಲಿನವರೆಗೆ ಹೋದೆ. ಮುಂದಿನ ಪರೀಕ್ಷೆಯ ಅರ್ಜಿಗೆ ಇನ್ನೂ ಆರು ದಿನಗಳಿದ್ದವು. ದಿನಾಂಕವನ್ನು ಗಟ್ಟಿಯಾಗಿ ಓದಿದೆ. ಆಮೇಲೆ, ಅಕ್ಕನಿಗೂ ಕೇಳುವ ಹಾಗೆ, ಇನ್ನೊಮ್ಮೆ ಓದಿದೆ.