ಜಾರದೆ ನಿಂತ ಸೂಜಿ

ದೆವ್ವ, ಗಾಳಿ, ಕಣ್ಣಿಗೆ ಕಾಣದ ಶಕ್ತಿ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುವ ಜಾತಿಯವನು ನಾನು. ನಮ್ಮಪ್ಪ ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆಂದು ಪುಣೆಗೆ ಬಂದವರು. ಅರ್ಧ ಕಟ್ಟಿದ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ನಾನು ಬೆಳೆದೆ. ಅಲ್ಲಿ ಪ್ರತಿ ಕಟ್ಟಡಕ್ಕೂ ಒಂದೊಂದು ದೆವ್ವ ಇರುತ್ತಿತ್ತು. ಇಷ್ಟು ದಿನದಿಂದ ಇಲ್ಲೇ ಇರುವ ದೆವ್ವ ಒಂದು ಪುಟ್ಟಿ ಸಿಮೆಂಟನ್ನಾದರೂ ಯಾಕೆ ಎತ್ತಿಕೊಡುವುದಿಲ್ಲ ಎಂದು ಕೇಳಿ ಅವ್ವನ ಕೈಲಿ ಏಟು ತಿಂದಿದ್ದೇನೆ. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನ್ನೆದುರು ಹೇಳಿದ್ದರೆ ನಾನೇ ನಗುತ್ತಿದ್ದೆ. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಪುಣೆಯ ಸದಾಶಿವ ಪೇಠದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಸುತ್ತಲೂ ಕೋಚಿಂಗ್ ಕ್ಲಾಸುಗಳು, ಹಾಗಾಗಿ ಹೊಟ್ಟೆಗೆ ತೊಂದರೆಯಿಲ್ಲ. ನನ್ನ ಹೆಂಡತಿ ಗಿರಿಜಾ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಆಕಾಶದ ಹುಚ್ಚು ಅವಳದು, ಅದರ ಹಮಾಲಿ ನನ್ನದು. ಯಾರೋ ಬಳಸಿ ಬಿಟ್ಟ ದೂರದರ್ಶಕವೊಂದನ್ನು ಅವಳೇ ಹುಡುಕಿ ಕೊಂಡುತಂದಳು. ನನ್ನ ಎದೆಮಟ್ಟಕ್ಕೆ ಬರುವ ದಪ್ಪ ಕೊಳವೆ, ಅದು ಕೂರಲು ಒಂದು ಮರದ ಪೆಟ್ಟಿಗೆ. ಹೊತ್ತು ಮೂರು ಮಹಡಿ ಇಳಿಸಿ ಕಾರಿಗೆ ತುಂಬುವುದು ನಾನು, ಕತ್ತಲಲ್ಲಿ ಬೇಕಾದ್ದನ್ನು ಹುಡುಕುವುದು ಅವಳು. ನಾನು ಕೊನೆಗೆ ಬಂದು ಬಗ್ಗಿ ನೋಡಿ, ‘ಭಾಳ ಚಂದ ಅದ’ ಎನ್ನುವವನು.

ನಮ್ಮ ಹವ್ಯಾಸ ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ದಿನಾ ರಾತ್ರಿ ನೋಡುತ್ತೀರಾ ಎಂದು. ಚಂದ್ರ, ಶನಿ ಸಾಕೆನ್ನುವವರಿಗೆ ಮನೆಯ ಮಾಳಿಗೆಯೇ ಸಾಕು. ಗಿರಿಜಾಗೆ ಬೇಕಾದದ್ದು ದೂರದ ಮಂಕು ವಸ್ತುಗಳು, ನೀಹಾರಿಕೆ, ಗ್ಯಾಲಕ್ಸಿ ಇಂಥವು. ಅವಕ್ಕೆ ಕತ್ತಲೆಯೇ ಬೇಕು, ಅಂದರೆ ಅಮಾವಾಸ್ಯೆಯೇ ಬೇಕು. ಮಳೆಗಾಲದ ಅಮಾವಾಸ್ಯೆಗಳು ಮೊದಲೇ ಹೋದವು. ದೀಪಾವಳಿಯದು ಪಟಾಕಿ ಹೊಗೆಗೆ ಹೋಯಿತು. ಒಂದಕ್ಕೆ ಯಾರದೋ ಮದುವೆ, ಇನ್ನೊಂದಕ್ಕೆ ಅವಳ ಶಾಲೆಯ ಪರೀಕ್ಷೆ, ಮತ್ತೊಂದು ವಾರದ ನಡುವೆ ಬಿದ್ದು ಮರುದಿನ ಅಂಗಡಿ. ಎಲ್ಲ ಸರಿಯಿದ್ದ ದಿನ ಊರ ಬೆಳಕು ಬಿಟ್ಟು ದಕ್ಷಿಣದ ಗುಡ್ಡಗಳ ಕಡೆ ಹೊರಟು ಭೋರ್ ದಾಟುವಷ್ಟರಲ್ಲಿ ಮೋಡ. ಮೊದಲು ದೌಂಡ್ ಕಡೆ ಹೋಗುತ್ತಿದ್ದೆವು, ಆದರೆ ಕುರಕುಂಭದ ಕಾರ್ಖಾನೆಗಳ ಬೆಳಕಿಗೆ ಅರ್ಧ ಆಕಾಶ ಸಂಜೆಯ ಹಾಗೆ ಉಳಿದುಬಿಡುತ್ತಿತ್ತು. ಒಟ್ಟಿನಲ್ಲಿ ವರ್ಷಕ್ಕೆ ಒಂದು ಕೈಯ ಬೆರಳುಗಳಷ್ಟು ರಾತ್ರಿ ಸಿಕ್ಕರೆ ಹಬ್ಬ. ದುಡ್ಡು ಕೊಟ್ಟು ತಂದ ದೂರದರ್ಶಕದ ಮೇಲೆ ಉಳಿದ ದಿನ ಒಗೆದ ಬಟ್ಟೆ ಒಣಗುತ್ತಿದ್ದವು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ದೂರದರ್ಶಕಕ್ಕೆ ಮೋಟಾರು ಇಲ್ಲ. ಭೂಮಿ ತಿರುಗುತ್ತಲೇ ಇರುವುದರಿಂದ, ಕಷ್ಟಪಟ್ಟು ಹುಡುಕಿದ ವಸ್ತು ಐಪೀಸಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಮಸೂರದಲ್ಲಿ, ಒಂದೆರಡು ನಿಮಿಷವೂ ನಿಲ್ಲದೆ ಅಂಚಿಗೆ ಜಾರಿ ಮಾಯವಾಗುತ್ತದೆ. ಅದನ್ನು ಉಳಿಸಿಕೊಳ್ಳಬೇಕಾದರೆ ಕೊಳವೆಯನ್ನು ಕೈಯಿಂದ ಆಗಾಗ ಒಂದಿಷ್ಟು ತಳ್ಳುತ್ತಿರಬೇಕು. ಗಿರಿಜಾ ಏನನ್ನಾದರೂ ಹಿಡಿದಳೆಂದರೆ ನಾನು ಬರುವವರೆಗೂ ಹಾಗೆ ತಳ್ಳುತ್ತ ನನಗಾಗಿ ಕಾದಿರಿಸುತ್ತಿದ್ದಳು. ಅವಳು ತಳ್ಳುವ ರೀತಿಯೂ ಬೇರೆ. ನಾನು ಹೆದರಿ ಹೆದರಿ ಮತ್ತೆ ಮತ್ತೆ ಮುಟ್ಟುತ್ತಿದ್ದೆ. ಅವಳು ವಸ್ತು ಅಂಚಿನವರೆಗೆ ಹೋಗಲಿ ಎಂದು ಬಿಟ್ಟು, ಇನ್ನೇನು ಹೋಯಿತು ಎನ್ನುವಾಗ ಎರಡು ಬೆರಳಿನಿಂದ ಮೆತ್ತಗೆ ತಳ್ಳುವಳು. ಅದು ನಡುವಿಗೆ ಬಂದು, ನಡುವನ್ನೂ ಸ್ವಲ್ಪ ದಾಟಿ ನಿಲ್ಲುತ್ತಿತ್ತು.

ಬೇಸಿಗೆಯಲ್ಲಿ ಸ್ವಾತಿ ನಕ್ಷತ್ರಕ್ಕೂ ಸಿಂಹರಾಶಿಯ ಬಾಲಕ್ಕೂ ನಡುವೆ, ಹೆಚ್ಚುಕಡಿಮೆ ನೆತ್ತಿಯ ಮೇಲೆ, ಒಂದು ಗ್ಯಾಲಕ್ಸಿ ಇದೆ. ಅಂಚಿನ ಕಡೆಯಿಂದ ಕಾಣುವುದರಿಂದ ತೆಳ್ಳಗೆ ಬಿಳಿ ಗೀರಿನಂತಿರುತ್ತದೆ. ಹವ್ಯಾಸಿಗಳು ಅದನ್ನು ಸೂಜಿ ಎನ್ನುತ್ತಾರೆ. ಒಮ್ಮೆ ಗಿರಿಜಾ ಅದನ್ನು ಹಿಡಿದು ಕೂಗಿದಾಗ ನಾನು ಕಾರಿನಲ್ಲಿ ಚಹಾ ಬಗ್ಗಿಸುತ್ತಿದ್ದೆ. ಬರುವಷ್ಟರಲ್ಲಿ ಮೋಡ ಮುಚ್ಚಿತು. ಆಮೇಲೆ ವರ್ಷಗಟ್ಟಲೆ ಆಕಾಶದ ಆ ಭಾಗ ಮೋಡವಿಲ್ಲದೆ ನಮಗೆ ಸಿಗಲೇ ಇಲ್ಲ. ಅವಳು ನೋಡಿ ನಾನು ನೋಡದೆ ಉಳಿದದ್ದು ಅದೊಂದೇ, ಅದು ಅವಳಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಅಷ್ಟರಲ್ಲಿ ಅವಳಿಗೆ ರಕ್ತದ ಕ್ಯಾನ್ಸರ್ ಬಂತು. ಔಷಧಿಯಿಂದ ಮೈಯ ಬಲ ಕುಂದಿತು, ಆಮೇಲೆ ಶ್ವಾಸಕೋಶಕ್ಕೆ ಸೋಂಕು ಹತ್ತಿ ಐಸಿಯುಗೆ ಸೇರಿಸಬೇಕಾಯಿತು. ನಾನು ಹೊರಗಿನ ಕುರ್ಚಿಗಳಲ್ಲಿ ಮಲಗಿ ಎದ್ದು ಮಾಡುತ್ತಿದ್ದೆ. ಡಾಕ್ಟರು ನನ್ನ ಮುಖ ನೋಡದೆ ಮಾತಾಡತೊಡಗಿದ ಮೇಲೆ ನನಗೆ ವಿಷಯ ತಿಳಿದುಹೋಗಿತ್ತು. ಅವಳಿಗೂ ತಿಳಿದಿತ್ತು.

ಏಪ್ರಿಲ್‌ನ ಅಮಾವಾಸ್ಯೆಯ ಸಂಜೆ, ಭೇಟಿಯ ಹೊತ್ತಿನಲ್ಲಿ, ಅವಳು ಆಮ್ಲಜನಕದ ಮಾಸ್ಕನ್ನು ಸರಿಸಿ, “ಇವತ್ತ ಅಮಾಸಿ ಅಲ್ರೀ?” ಎಂದಳು. ಹೌದೆಂದೆ.

“ಮಾಡ ಅದಾವೇನು?”

“ಇಲ್ಲ, ಸ್ವಚ್ಛ ಅದ.”

“ಹಂಗಾರ ಹೋಗ್ರಿ. ಸೂಜಿ ನೋಡಿ ಬರ್ರಿ.”

“ಹುಚ್ಚಿ ಇದ್ದೀಯೇನ ಗಿರಿಜಾ? ನಿನ್ನ ಬಿಟ್ಟು ನಾ ಎಲ್ಲಿಗೆ ಹೋಗ್ಲಿ?”

“ಹೊರಗ ಕುರ್ಚಿ ಮ್ಯಾಲ ಕುಂತು ಏನ್ ಮಾಡೋರಿದ್ದೀರಿ? ಉಮಾ ಇರ್ತಾಳ. ಮುಂದಿನ ಅಮಾಸಿಗೆ ಮಾಡ ಬರ್ತಾವ್ರಿ.” ಉಸಿರು ಸಾಲದೆ ಮಾಸ್ಕನ್ನು ಮುಖಕ್ಕೆಳೆದುಕೊಂಡು ಮತ್ತೆ ಸರಿಸಿದಳು. “ಮುಂಜಾನೆ ಬಂದು ನನಗ ಹೇಳ್ರಿ, ಹೆಂಗಿತ್ತಂತ. ನಾ ಅದನ್ನ ಕೇಳಬೇಕು.”

ಮುಂದಿನ ಅಮಾವಾಸ್ಯೆಗೆ ಮೋಡ ಬರುತ್ತವೆ ಎಂದಳೇ ಹೊರತು ತಾನಿರುವುದಿಲ್ಲ ಎನ್ನಲಿಲ್ಲ. ಅವಳ ತಂಗಿ ಉಮಾಳೂ ಹೋಗಿಬನ್ನಿ ಎಂದು ಕಣ್ಣಲ್ಲೇ ಹೇಳಿದಳು. ನಾನು ಹೊರಟೆ. ಅವಳು ಕೇಳಿದ್ದರಲ್ಲಿ ನನ್ನ ಕೈಲಾಗುವಂಥದು ಇದೊಂದೇ ಉಳಿದಿತ್ತು.

ಭೋರ್ ದಾಟಿ, ಗುಡ್ಡದ ಮೇಲಿನ ಬಯಲಿನಲ್ಲಿ ನಮ್ಮ ಮಾಮೂಲಿ ಜಾಗದಲ್ಲಿ ಒಬ್ಬನೇ ಎಲ್ಲವನ್ನೂ ಇಳಿಸಿ ಜೋಡಿಸಿದೆ. ಅಂಥ ಆಕಾಶ ನಮಗೆ ಎಷ್ಟೋ ವರ್ಷ ಸಿಕ್ಕಿರಲಿಲ್ಲ. ಆದರೆ ಹುಡುಕುವುದು ನನಗೆಲ್ಲಿ ಬರುತ್ತದೆ? ನೆತ್ತಿಯ ಮೇಲಿನ ವಸ್ತುವನ್ನು ಹಿಡಿಯುವುದು ಪಳಗಿದವರಿಗೇ ಕಷ್ಟ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ದಾಟುತ್ತ ಹೋದೆ, ದಾರಿ ತಪ್ಪಿದೆ, ಮತ್ತೆ ಮೊದಲಿಂದ ಶುರುಮಾಡಿದೆ. ಕುತ್ತಿಗೆ ಹಿಡಿದುಕೊಂಡಿತು. ಕಣ್ಣಲ್ಲಿ ನೀರು ತುಂಬಿ ನಕ್ಷತ್ರಗಳೆಲ್ಲ ಕಲಸಿಹೋದವು. ಬೆಳಗ್ಗೆ ಬರಿಗೈಯಲ್ಲಿ ಅವಳ ಮುಂದೆ ನಿಲ್ಲುವುದನ್ನು ನೆನೆಸಿಕೊಂಡು ಜೋರಾಗಿಯೇ ಅತ್ತುಬಿಟ್ಟೆ. ಸುಳ್ಳು ಹೇಳಿದರಾಯಿತು ಎಂದೂ ಯೋಚಿಸಿದೆ. ಅವಳು ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಿದ್ದಳು.

ಕೊನೆಗೆ ಬೇಸತ್ತು, ದೂರದರ್ಶಕವನ್ನು ಇದ್ದ ಹಾಗೇ ಬಿಟ್ಟು, ಫೋನಿಗೆ ಸಿಗ್ನಲ್ ಸಿಗುವ ದಿಬ್ಬಕ್ಕೆ ನಡೆದೆ. ಉಮಾಳ ಸಂದೇಶವಿತ್ತು: “ಅಕ್ಕ ಮಲಗ್ಯಾಳ. ಚಿಂತಿ ಮಾಡಬ್ಯಾಡ್ರಿ ಮಾಮಾ.” ಅಲ್ಲೇ ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಇನ್ನು ಕಟ್ಟಿಕೊಂಡು ಹೋಗೋಣವೆಂದು ಇಳಿದು ಬಂದೆ.

ಐಪೀಸನ್ನು ತೆಗೆಯುವ ಮುಂಚೆ ಅಭ್ಯಾಸಬಲದಿಂದ ಬಗ್ಗಿ ನೋಡಿದೆ. ಸೂಜಿ ಅಲ್ಲಿತ್ತು.

ಬೆಳಕಿನ ಒಂದು ಸಣ್ಣ ಗೀರು, ನಡುವೆ ಮಾತ್ರ ಕೊಂಚ ಉಬ್ಬಿದ್ದು. ಚಿತ್ರಗಳಲ್ಲಿ ನೋಡಿದ್ದರಿಂದ ಅನುಮಾನಕ್ಕೆ ಎಡೆಯಿರಲಿಲ್ಲ. ನಾನು ಕೊಳವೆ ಬಿಟ್ಟುಹೋದ ಕಡೆಗೆ ಅದು ತಾನಾಗಿ ಜಾರಿಬಂದಿರಬಹುದು, ಆಕಾಶ ತಿರುಗುತ್ತಿರುತ್ತದಲ್ಲ ಎಂದು ಆಗಲೇ ಅಂದುಕೊಂಡೆ. ಅದೃಷ್ಟವೆಂದು ಬಾಯಿಬಿಟ್ಟು ನಕ್ಕೆ. ಅದು ಅಂಚಿನ ಕಡೆಗೆ ಸರಿಯತೊಡಗಿತು. ತಳ್ಳೋಣವೆಂದು ಕೈ ಎತ್ತಿದೆ. ಮುಟ್ಟುವ ಮುಂಚೆಯೇ ಅದು ತಟ್ಟನೆ ನಡುವಿಗೆ ಬಂತು. ನಡುವನ್ನು ಸ್ವಲ್ಪ ದಾಟಿ ನಿಂತಿತು.

ನನ್ನ ಮೈ ತಾಗಿರಬೇಕು ಅಂದುಕೊಂಡೆ. ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎಲ್ಲೂ ತಾಗದಂತೆ ಕತ್ತು ಚಾಚಿ ನೋಡಿದೆ. ಸೂಜಿ ಮೆಲ್ಲಗೆ ಜಾರಿತು, ಅಂಚಿನವರೆಗೆ ಹೋಯಿತು, ಇನ್ನೇನು ಹೋಯಿತು ಎನ್ನುವಾಗ ಮತ್ತೆ ನಡುವಿಗೆ ಬಂತು. ಗಾಳಿ ಇರಲಿಲ್ಲ. ಹೀಗೇ ಎಷ್ಟು ಸಲ ಆಯಿತೋ ನಾನು ಎಣಿಸಲಿಲ್ಲ. ಹೆದರಿಕೆ ಆಯಿತೇ ಎಂದು ಕೇಳಿದರೆ, ಇಲ್ಲ. ಪಕ್ಕದಲ್ಲಿ ಯಾರೋ ಇದ್ದಾರೆ ಎಂದೂ ಅನ್ನಿಸಲಿಲ್ಲ. ಅದು ಅವಳು ತಳ್ಳುವ ರೀತಿ ಎಂಬುದಷ್ಟೇ ಗೊತ್ತಾಯಿತು, ಮನೆಯವರ ಹೆಜ್ಜೆ ಸಪ್ಪಳ ಗೊತ್ತಾಗುವ ಹಾಗೆ. ನಾನು ಕಣ್ಣು ತೆಗೆಯದೆ ನೋಡುತ್ತಿದ್ದೆ. ಬದುಕಿನಲ್ಲಿ ಅಷ್ಟು ಹೊತ್ತು, ಅಷ್ಟು ಚೆನ್ನಾಗಿ ನಾನು ಇನ್ನೇನನ್ನೂ ನೋಡಿಲ್ಲ.

ಆಮೇಲೆ ಒಂದು ಸಲ ಸೂಜಿ ಅಂಚಿಗೆ ಹೋಯಿತು, ಮರಳಲಿಲ್ಲ. ಅರ್ಧ ಮರೆಯಾಯಿತು, ಪೂರ್ತಿ ಹೋಯಿತು. ಕೈಯಿಂದ ತಳ್ಳಿ ಹಿಂದಕ್ಕೆ ತರಬಹುದಿತ್ತು, ಆ ಬುದ್ಧಿ ನನಗೆ ಓಡಲೇ ಇಲ್ಲ. “ಗಿರಿಜಾ!” ಎಂದು ಆ ಬಯಲಿನಲ್ಲಿ ಕಿರುಚಿದೆ. ದಿಬ್ಬಕ್ಕೆ ಓಡಿದೆ. ಉಮಾ ಮೇಲಿಂದ ಮೇಲೆ ಫೋನ್ ಮಾಡಿದ್ದಳು. ತಿರುಗಿ ಮಾಡಿದೆ.

“ಮಾಮಾ, ಎಲ್ಲಿದ್ದೀರಿ? ಅಕ್ಕಗ ಉಸುರಾಡಾಕ ಆಗವಲ್ದು. ಮಷೀನಿಗೆ ಹಾಕ್ಯಾರ. ಲಗೂ ಬರ್ರಿ.”

ದೂರದರ್ಶಕವನ್ನು ಕಾರಿಗೆ ಹೇಗೆ ತುರುಕಿದೆನೋ, ಘಾಟಿನ ತಿರುವುಗಳನ್ನು ಹೇಗೆ ಇಳಿದೆನೋ ಒಂದೂ ನೆನಪಿಲ್ಲ.

ಆಸ್ಪತ್ರೆಗೆ ಬಂದಾಗ ರಾತ್ರಿ ಪಾಳಿಯ ನರ್ಸ್ ರೇಣುಕಾ ಒಳಗೆ ಬಿಟ್ಟಳು. ಇಂಡಿ ಊರಿನ ಕಡೆಯ ಕನ್ನಡದ ಹುಡುಗಿ, ಗಿರಿಜಾಳನ್ನು ಅಕ್ಕಾರ ಎಂದೇ ಕರೆಯುತ್ತಿದ್ದಳು. ಗಿರಿಜಾಳ ಬಾಯಲ್ಲಿ ನಳಿಕೆ ಇತ್ತು, ಕಣ್ಣು ಮುಚ್ಚಿದ್ದವು. ಬಲಗೈಯನ್ನು ಬ್ಯಾಂಡೇಜಿನಿಂದ ಮಂಚದ ಸರಳಿಗೆ ಕಟ್ಟಿದ್ದರು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ರೇಣುಕಾ ಹತ್ತಿರ ಬಂದಳು.

“ತಪ್ಪು ತಿಳ್ಕೋಬ್ಯಾಡ್ರಿ ಅಣ್ಣಾರ. ಅಕ್ಕಾರ ಕೈ ಸುಮ್ಮನ ಇರಲೇ ಇಲ್ರಿ. ಎದುರಿಗೆ ಏನೋ ಅದ ಅನ್ನೂಹಂಗ ಎರಡು ಬೆರಳಿಲೆ ಮೆಲ್ಲಕ ತಳ್ಳೋರು, ಸುಮ್ಮನಾಗೋರು. ಸ್ವಲ್ಪ ಹೊತ್ತಿಗೆ ಮತ್ತ ತಳ್ಳೋರು. ನಳಿಗಿ ಹಾಕಬೇಕಾತು, ಕಿತ್ಗೊಂಡಾರು ಅಂತ ಕಟ್ಟಿದಿವ್ರಿ.”

ಕೈ ಬಿಚ್ಚಿ ಎಂದು ಸನ್ನೆ ಮಾಡಿದೆ. ಆಗುವುದಿಲ್ಲ ಎಂದವಳು ನನ್ನ ಮುಖ ನೋಡಿ, “ನೀವು ಗಟ್ಟಿ ಹಿಡ್ಕೊಂಡು ಕುಂದರ್ರಿ ಮತ್ತ” ಎಂದು ಬಿಚ್ಚಿದಳು. ಆ ಕೈಯ ಕೆಳಗೆ ನನ್ನ ಕೈಯಿಟ್ಟು ಕುಳಿತೆ. ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಹೇಳಿದೆ, ಸೂಜಿ ಎಷ್ಟು ಉದ್ದವಿತ್ತು, ನಡುವೆ ಹೇಗೆ ಉಬ್ಬಿತ್ತು, ಎಷ್ಟು ಹೊತ್ತು ನೋಡಿದೆ ಎಂದು. ಬೆರಳು ಅಲುಗುವುದೇ ಎಂದು ಕಾದೆ. ಅಲುಗಲಿಲ್ಲ. ಮರುದಿನ ಹೋಗಿಬಿಟ್ಟಳು.

ನಮ್ಮ ಹವ್ಯಾಸದ ಗೆಳೆಯರೊಬ್ಬರಿಗೆ ಇದನ್ನು ಹೇಳಿದ್ದೇನೆ. ಅವರು ನಗಲಿಲ್ಲ. ಕೊಳವೆಯ ಮುಂತುದಿಯ ಭಾರ ಹೆಚ್ಚಾದರೆ ಅದು ತಡೆದು ತಡೆದು ಕೆಳಗೆ ಕುಸಿಯುತ್ತದೆ, ವಸ್ತು ಪಶ್ಚಿಮಕ್ಕೆ ಇಳಿಯುತ್ತಿದ್ದರೆ ಎರಡೂ ಹೊಂದಿಕೊಂಡು ನಿಂತ ಹಾಗೆ ಕಾಣಬಹುದು ಎಂದರು. ಇರಬಹುದು. ಮಾಳಿಗೆಯ ಮೇಲೆ ಅದೇ ಭಾರ, ಅದೇ ಐಪೀಸು ಹಾಕಿ ಎಷ್ಟೋ ರಾತ್ರಿ ನೋಡಿದೆ. ಒಂದು ಸಲವೂ ಹಾಗಾಗಲಿಲ್ಲ. ಜ್ವರದಲ್ಲಿ ರೋಗಿಗಳು ಕೈ ಆಡಿಸುವುದು ಮಾಮೂಲು ಎಂದು ಡಾಕ್ಟರು ಹೇಳಿದರು. ಅದೂ ಇರಬಹುದು.

ಕೇಳಬೇಕಾದದ್ದು ನಿಜವಾಗಿ ಒಂದೇ. ಕೈ ಕಟ್ಟಿದ್ದು ಎಷ್ಟು ಹೊತ್ತಿಗೆ? ನಾನು ದಿಬ್ಬದಿಂದ ಉಮಾಗೆ ಫೋನ್ ಮಾಡಿದ ಹೊತ್ತು ನನ್ನ ಮೊಬೈಲಿನಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮುಗಿಯಿತು. ಎಲ್ಲ ಕ್ರಿಯೆಗಳು ಮುಗಿದ ಮೇಲೆ ಒಂದು ಸಂಜೆ ಅದಕ್ಕೆಂದೇ ಆಸ್ಪತ್ರೆಗೆ ಹೋಗಿ ಬಾಗಿಲ ಬಳಿ ನಿಂತೆ. ಹೊತ್ತು ಹೊಂದದಿದ್ದರೆ ಅದೊಂದು ಕೆಟ್ಟ ದೂರದರ್ಶಕ, ಒಂದು ಜ್ವರದ ಕೈ, ಅಷ್ಟೇ. ನಾನು ಸೂಜಿ ನೋಡಿದೆನೆಂದು ತಿಳಿಯದೆಯೇ ಅವಳು ಹೋದಳು. ಹೊಂದಿದರೆ, ಅವಳು ನನಗಾಗಿ ಅದನ್ನು ಹಿಡಿದುಕೊಂಡೇ ಇದ್ದಳು, ಇವರು ಆ ಕೈಯನ್ನು ಕಟ್ಟಿಹಾಕಿದರು. ಯಾವುದನ್ನು ಕೇಳಿ ತಡೆದುಕೊಳ್ಳಲಿ?

ರೇಣುಕಾ ಪಾಳಿಗೆ ಬಂದಳು. ನನ್ನನ್ನು ಕಂಡು ನಿಂತಳು. “ಯಾಕ್ರಿ ಅಣ್ಣಾರ? ಏನರ ಕೇಳೋದಿತ್ತೇನ್ರಿ?”

“ಏನಿಲ್ಲವ್ವ” ಎಂದೆ. “ಸುಮ್ಮನ ಬಂದಿದ್ದೆ.”

ಅವಳು ಒಳಗೆ ಹೋದಳು. ಅವಳು ಈಗಲೂ ಅಲ್ಲೇ ಕೆಲಸ ಮಾಡುತ್ತಾಳೆ. ನನ್ನ ಅಂಗಡಿಯಿಂದ ಆ ಆಸ್ಪತ್ರೆಗೆ ರಿಕ್ಷಾದಲ್ಲಿ ಐದು ನಿಮಿಷದ ದಾರಿ. ನಾನು ಇನ್ನೂ ಕೇಳಿಲ್ಲ.