ಅಜ್ಜಿಗೆ ಹೇಳದ ಮಾತು

ನಮ್ಮ ಮನೆಗೆ ಯೇಸು ಬಂದದ್ದು ನನ್ನಿಂದ. ಚಿಕ್ಕವಳಿದ್ದಾಗ ನನಗೆ ಫಿಟ್ಸ್ ಬರುತ್ತಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜಪೇಟೆಯ ಒಂದು ವಠಾರದಲ್ಲಿ ನಮ್ಮ ಬಾಡಿಗೆ ಮನೆ. ಅಮ್ಮ ಹರಕೆ ಹೊರದ ದೇವರಿರಲಿಲ್ಲ, ಕಟ್ಟಿಸದ ತಾಯಿತವಿರಲಿಲ್ಲ. ಕೊನೆಗೆ ಪಕ್ಕದ ಮನೆಯ ಆಂಟಿಯೊಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಫಿಟ್ಸ್ ನಿಂತಿತು. ಅದೇ ಸುಮಾರಿಗೆ ಡಾಕ್ಟರು ಮಾತ್ರೆಯನ್ನೂ ಬದಲಾಯಿಸಿದ್ದರು ಅನ್ನುವುದು ಅಪ್ಪನ ವಾದ. "ಪಾಪ, ಮಾತ್ರೆಗೆ ಯಾರೂ ಸ್ತೋತ್ರ ಹೇಳಲ್ಲ ನೋಡು," ಅನ್ನುತ್ತಿದ್ದರು. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಅವರದು. ದೇವರ ವಿಷಯದಲ್ಲಿ ಕೊನೆತನಕ ಎರಡು ದೋಣಿಯಲ್ಲಿ ಕಾಲಿಟ್ಟೇ ಇದ್ದರು. ಅಮ್ಮ ಹಾಗಲ್ಲ. ನಂಬಿದರೆ ಪೂರ್ತಿ ನಂಬುವ ಹೆಂಗಸು.

ಆ ಆಂಟಿಯ ಜೊತೆ ಅಮ್ಮ ಸೇರಿದ ಸಭೆ, ಅಂದರೆ ಚರ್ಚು, ಬಲು ಕಟ್ಟುನಿಟ್ಟು. ದೀಕ್ಷಾಸ್ನಾನ ಆದ ಹೆಂಗಸರು ಒಡವೆ ಹಾಕುವಂತಿಲ್ಲ, ಹೂ ಮುಡಿಯುವಂತಿಲ್ಲ, ಕುಂಕುಮ ಇಡುವಂತಿಲ್ಲ. ಅಮ್ಮ ಬಳೆಯ ಜೊತೆ ತಾಳಿಯನ್ನೂ ಬಿಚ್ಚಿಟ್ಟಳು. ಸ್ವಲ್ಪ ದಿನಕ್ಕೆ ವೈಯಾಲಿಕಾವಲ್‌ನಿಂದ ಅಜ್ಜಿ, ಅಂದರೆ ಅಮ್ಮನ ತಾಯಿ, ನಮ್ಮನ್ನು ನೋಡಲು ಬಂದಳು. ಬಾಗಿಲಲ್ಲಿ ನಿಂತು ಮಗಳ ಬರಿ ಹಣೆ, ಬರಿ ಕೊರಳು, ಬರಿ ಕೈ ನೋಡಿದವಳೇ, "ಅಯ್ಯೋ, ನನ್ ಮಗಳ ಬಾಳು ಹಾಳಾಗೋಯ್ತಲ್ಲಪ್ಪೋ! ನಂಗೊಂದ್ ಮಾತು ಹೇಳಿ ಕಳಿಸ್ಲಿಲ್ವಲ್ಲೇ!" ಎಂದು ಎದೆ ಬಡಿದುಕೊಂಡು ಕುಸಿದಳು. ವಠಾರವೆಲ್ಲ ಓಡಿ ಬಂತು. ಬಚ್ಚಲಿನಿಂದ ಅಪ್ಪ ಟವೆಲ್ ಸುತ್ತಿಕೊಂಡು, ಕಿವಿಯ ಹಿಂದೆ ಇನ್ನೂ ಸೋಪಿರುವಾಗಲೇ ಹೊರಗೆ ಬಂದು, "ಅತ್ತೆ, ನಾನ್ ಇದೀನಿ," ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಜ್ಜಿ ನಗಲಿಲ್ಲ. ಅಳಿಯನನ್ನು ಮೇಲಿಂದ ಕೆಳಗೆ ನೋಡಿ, ಮಗಳ ಕಡೆ ತಿರುಗಿ, "ಗಂಡ ಗುಂಡುಕಲ್ಲಿನ ಹಾಗೆ ಇರುವಾಗ ಈ ವೇಷ ಯಾತಕ್ಕೇ?" ಎಂದು ಕೇಳಿದಳು.

ಆಮೇಲೆ ಬಹಳ ಕಾಲ ಅಜ್ಜಿ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಬರಲು ಶುರು ಮಾಡಿದ ಮೇಲೂ ಜಗಳ. ಗೌರಿ ಹಬ್ಬಕ್ಕೆ ತವರಿನ ಬಾಗಿನ ತಂದರೆ ಅಮ್ಮ ಮುಟ್ಟುತ್ತಿರಲಿಲ್ಲ. ವಿಗ್ರಹಕ್ಕೆ ನೈವೇದ್ಯ ಮಾಡಿದ್ದನ್ನು ವಿಶ್ವಾಸಿಗಳು ತಿನ್ನಬಾರದು ಎಂಬುದು ಸಭೆಯ ನಿಯಮ. ಹಾಗಾಗಿ ಹಬ್ಬದ ಒಬ್ಬಟ್ಟು ಡಬ್ಬಿಯಲ್ಲೇ ಉಳಿಯುತ್ತಿತ್ತು. ಅಪ್ಪ ಮಾತ್ರ ಒಂದೆರಡು ಎತ್ತಿಕೊಂಡು ಬೀದಿಗೆ ಹೋಗಿ ತಿಂದು, ಬಾಯಿ ಒರೆಸಿಕೊಂಡು ಒಳಗೆ ಬರುತ್ತಿದ್ದರು.

ಒಂದು ಯುಗಾದಿಯ ದಿನ ಅಜ್ಜಿ ಬೆಳಗ್ಗೆಯೇ ಬಂದಳು. ಹಬ್ಬದ ದಿನ ಅವಳು ಮನೆ ಬಿಟ್ಟು ಅಷ್ಟು ಹೊತ್ತಿಗೆ ಹೊರಡುವುದೇ ಇಲ್ಲ. ಡಬ್ಬಿ ತೆಗೆದು ಅಮ್ಮನ ಮುಂದೆ ಇಟ್ಟು, "ತಿನ್ನು. ಇದು ದೇವ್ರಿಗೆ ಇಟ್ಟಿದ್ದಲ್ಲ. ನೈವೇದ್ಯಕ್ಕೆ ಮುಂಚೇನೇ ನಿಂಗೆ ಅಂತ ತೆಗೆದಿಟ್ಟೆ," ಅಂದಳು. ದೇವರಿಗೆ ತೋರಿಸುವ ತನಕ ಪಾಯಸದ ಸಿಹಿಯನ್ನೂ ನೋಡದ ಹೆಂಗಸು ನನ್ನ ಅಜ್ಜಿ. ಹಬ್ಬದ ಅಡುಗೆಯ ವಾಸನೆ ತೆಗೆದುಕೊಂಡರೂ ಮಕ್ಕಳಿಗೆ ಬೈಯುತ್ತಿದ್ದಳು. ಅಂಥವಳು ದೇವರನ್ನು ಕಾಯಿಸಿ ಮಗಳಿಗೆ ಬಡಿಸಲು ಬಸ್ಸು ಹತ್ತಿ ಬಂದಿದ್ದಳು. ಅಮ್ಮ ಅಳುತ್ತಲೇ ತಿಂದಳು. ಅಂದಿನಿಂದ ಪ್ರತಿ ಹಬ್ಬಕ್ಕೂ ಮೊದಲ ಒಬ್ಬಟ್ಟು ನಮ್ಮ ಮನೆಗೇ ಬಂತು.

ಅಮ್ಮನಿಗಿದ್ದದ್ದು ಒಂದೇ ಒಂದು ಆಸೆ: ಸಾಯುವ ಮುಂಚೆ ಅಜ್ಜಿ ಯೇಸುವನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದವರಿಗೆ ಪರಲೋಕವಿಲ್ಲ, ಇರುವುದು ನರಕ ಎಂದು ಸಭೆಯಲ್ಲಿ ಕಲಿಸಿದ್ದನ್ನು ಅಮ್ಮ ಅಕ್ಷರ ಅಕ್ಷರ ನಂಬಿದ್ದಳು. ಪ್ರತಿ ಶುಕ್ರವಾರ ಉಪವಾಸ ಮಾಡಿ ಅಜ್ಜಿಗಾಗಿ ಪ್ರಾರ್ಥಿಸುತ್ತಿದ್ದಳು. ಸಿಕ್ಕಾಗಲೆಲ್ಲ ಹೇಳುತ್ತಿದ್ದಳು. ಅಜ್ಜಿಯದು ಯಾವಾಗಲೂ ಒಂದೇ ರಾಗ. "ಆಯ್ತು ಕಣೇ, ನಿನ್ ಯೇಸೂನೂ ಒಳ್ಳೇವ್ನೇ. ದೇವ್ರ ಗೂಡಲ್ಲಿ ಇನ್ನೊಂದ್ ಫೋಟೋಗೆ ಜಾಗ ಇದೆ, ತಂದ್ಕೊಡು."

"ಹಾಗಲ್ಲಮ್ಮ, ಅವನೊಬ್ಬನೇ."

"ಒಬ್ನೇ ಇದ್ರೆ ಅವನಿಗೂ ಬೇಜಾರಾಗಲ್ವೇನೇ?"

ನಾನು ನಕ್ಕರೆ ಅಮ್ಮ ನನ್ನ ತೊಡೆ ಚಿವುಟುತ್ತಿದ್ದಳು.

ನಾನು ಶೇಷಾದ್ರಿಪುರಂನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಳು. ಹಾಸಿಗೆ ಹಿಡಿದವಳು ಏಳಲಿಲ್ಲ. ಅವಳಿದ್ದದ್ದು ವೈಯಾಲಿಕಾವಲ್‌ನ ಸೋದರಮಾವನ ಮನೆಯಲ್ಲಿ. ಅದು ಕಾಲವೂ ಕೆಟ್ಟಿದ್ದ ಸಮಯ. ಅಲ್ಲಿ ಇಲ್ಲಿ ಪ್ರಾರ್ಥನೆಯ ಹಾಲ್‌ಗಳಿಗೆ ಕಲ್ಲು ಬಿದ್ದ ಸುದ್ದಿ ಬರುತ್ತಿತ್ತು. ಟಿವಿ ಹಾಕಿದರೆ ಮತಾಂತರದ ಮೇಲೆ ಕಿತ್ತಾಟ. ನಮ್ಮ ಸಭೆ ಸೇರುತ್ತಿದ್ದ ಮಹಡಿಯ ಮಾಲೀಕರು ಬೋರ್ಡ್ ಇಳಿಸಿ ಅಂದರು. ಇಳಿಸಿದೆವು, ಕಿಟಕಿ ಮುಚ್ಚಿಕೊಂಡು ಹಾಡಿದೆವು. ಆಮಿಷಕ್ಕೆ ಬಲಿಯಾದವರು ಇವರೆಲ್ಲ ಎಂದು ಟಿವಿಯಲ್ಲಿ ಯಾರೋ ಕೂಗಿದರೆ ನನಗೆ ಮೈ ಉರಿಯುತ್ತಿತ್ತು. ಅಮ್ಮನಿಗೆ ಸಿಕ್ಕ ಆಮಿಷ ಯಾವುದು ಸ್ವಾಮಿ? ಇದ್ದ ತಾಳಿಯನ್ನೂ ಬಿಚ್ಚಿಟ್ಟು ಬಂದವಳು ಅವಳು. ಹಾಗಂತ ನಮ್ಮವರೂ ಕಡಿಮೆಯಿರಲಿಲ್ಲ. ಹೊರಗಿನವರನ್ನೆಲ್ಲ ಒಂದೇ ಏಟಿಗೆ ಕತ್ತಲೆಯವರು ಅಂದುಬಿಡುತ್ತಿದ್ದರು. ನನ್ನ ಅಜ್ಜಿ ಕತ್ತಲೆಯವಳೇ? ಕೇಳುವ ಧೈರ್ಯ ನನಗಿರಲಿಲ್ಲ, ಸಿಟ್ಟು ಮಾತ್ರ ಇತ್ತು.

ಮಾವ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ನಾಲ್ಕು ಜನಕ್ಕೆ ಅಂಜುವವರು. ಅಮ್ಮನನ್ನು ಕೂರಿಸಿಕೊಂಡು ಹೇಳಿದರು: "ನೋಡಮ್ಮಾ, ಅಮ್ಮನ್ನ ನಿನ್ ಥರ ನೋಡ್ಕೊಳೋರು ಯಾರೂ ಇಲ್ಲ. ದಿನಾ ಬಾ. ಆದ್ರೆ ಈ ಮನೇಲಿ ಯೇಸು ಮಾತೆತ್ತಬೇಡ. ಸಾಯೋ ಮುದುಕೀನ ಕನ್ವರ್ಟ್ ಮಾಡ್ತಿದಾರಂತೆ ಅಂತ ಬೀದೀಲಿ ಆಗ್ಲೇ ಗುಸುಗುಸು ಶುರುವಾಗಿದೆ. ಎತ್ತಿದ್ಯೋ, ಮತ್ತೆ ಈ ಹೊಸಲು ತುಳೀಬೇಡ."

"ಆಯ್ತಣ್ಣ, ಎತ್ತಲ್ಲ," ಎಂದು ಅಮ್ಮ ಮಾತು ಕೊಟ್ಟಳು.

ಇದನ್ನು ಕೇಳಿ ನಮ್ಮ ಪಾಸ್ಟರ್ ಕಣ್ಣಲ್ಲಿ ನೀರು ಹಾಕಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. "ಸಿಸ್ಟರ್, ಅಣ್ಣಂಗೆ ಕೊಟ್ಟ ಮಾತು ದೊಡ್ಡದಾ, ತಾಯಿ ಆತ್ಮ ದೊಡ್ಡದಾ? ನೀವು ಹೇಳದೆ ಅವರು ಹೋಗ್ಬಿಟ್ರೆ ಯಾರು ಹೊಣೆ?" ಅಂದರು. ಅತ್ತ ದರಿ, ಇತ್ತ ಪುಲಿ. ಹೇಳಿದರೆ ಮನೆಯಿಂದ ಆಚೆ ಹಾಕುತ್ತಾರೆ. ಅಜ್ಜಿಯ ಮೈ ತೊಳೆಯುವವರು, ಮಗ್ಗುಲು ಬದಲಿಸುವವರು ಯಾರು? ಹೇಳದಿದ್ದರೆ ಅಜ್ಜಿ ನರಕಕ್ಕೆ. ಅಮ್ಮ ಅಜ್ಜಿಯ ಮೈ ತೊಳೆಯುವುದನ್ನೇ ಆರಿಸಿಕೊಂಡಳು. ಇನ್ನೂ ಟೈಮಿದೆ, ಕರ್ತನೇ ದಾರಿ ತೋರಿಸುತ್ತಾನೆ ಎಂದುಕೊಂಡಳು.

ದಿನಾ ಬಸ್ಸಿನಲ್ಲಿ ಹೋಗಿ ಅಜ್ಜಿಗೆ ಸ್ನಾನ, ಊಟ, ಬೆನ್ನಿಗೆ ಪೌಡರ್. ಕಾಲೇಜು ಮುಗಿಸಿ ನಾನೂ ನಡೆದುಕೊಂಡು ಅಲ್ಲಿಗೇ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಅಮ್ಮ ಅಜ್ಜಿಯ ತಲೆ ಬಾಚುತ್ತಿದ್ದಳು. ಹಾಲ್‌ನಲ್ಲಿ ಅತ್ತೆ, ಮಾವನ ಹೆಂಡತಿ, ಸೀರಿಯಲ್ ನೋಡುತ್ತ ಕೂತಿದ್ದರು. ನಡುವಿನ ಬಾಗಿಲು ತೆರೆದೇ ಇತ್ತು. ಅಜ್ಜಿ ಇದ್ದಕ್ಕಿದ್ದಂತೆ, "ಏನೇ, ನಿನ್ ಯೇಸು ವಿಷ್ಯ ಹೇಳೋದೇ ಬಿಟ್ಬಿಟ್ಯಲ್ಲ? ಹೇಳು, ಇವತ್ತು ಕೇಳ್ತೀನಿ," ಅಂದಳು.

ಅಮ್ಮನ ಕೈ ನಿಂತುಹೋಯಿತು. ಎಷ್ಟೋ ಶುಕ್ರವಾರ ಹಸಿದು ಬೇಡಿಕೊಂಡದ್ದು ಇದನ್ನೇ. ಹಾಲ್ ಕಡೆ ನೋಡಿದಳು. ಅತ್ತೆ ಟಿವಿಯ ಸೌಂಡು ಕಮ್ಮಿ ಮಾಡಿದ್ದರು. ಅಮ್ಮ ಮತ್ತೆ ಬಾಚತೊಡಗಿದಳು. "ಆಮೇಲೆ ಹೇಳ್ತೀನಮ್ಮ. ಈಗ ಮಲಕ್ಕೋ," ಅಂದಳು.

"ಹೂಂ," ಎಂದು ಅಜ್ಜಿ ಕಣ್ಣು ಮುಚ್ಚಿದಳು. ನಿಜವಾಗಿ ಕೇಳಬೇಕು ಅನ್ನಿಸಿತ್ತೋ, ಮಗಳ ಮುಖ ಬಾಡಿದ್ದನ್ನು ನೋಡಿ ಅವಳಿಗೆ ಇಷ್ಟವಾದ ಮಾತು ಎತ್ತಿದಳೋ, ನನಗೆ ಇವತ್ತಿಗೂ ತಿಳಿಯದು.

ಆ ಶನಿವಾರ ಅತ್ತೆ ತವರಿಗೆ ಹೋಗುವವರಿದ್ದರು. ಶನಿವಾರ ಹೇಳಿಬಿಡುತ್ತೇನೆ, ಆಮೇಲೆ ಅಣ್ಣ ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ಅಮ್ಮ ಗಟ್ಟಿ ಮಾಡಿಕೊಂಡಳು. ಗುರುವಾರ ಬೆಳಗ್ಗೆ ಅಮ್ಮ ಗಂಜಿ ತುಂಬಿಸಿಕೊಂಡು ಹೊರಡುತ್ತಿರುವಾಗಲೇ ಫೋನ್ ಬಂತು. ಅಜ್ಜಿ ಹೋಗಿದ್ದಳು.

ಸುಡುಗಾಡಿನಿಂದ ಬಂದ ಮಾವ ಎಲ್ಲರೆದುರಿಗೆ ಅಮ್ಮನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. "ನೀನು ಕೊಟ್ಟ ಮಾತು ಉಳಿಸ್ಕೊಂಡೆ ಕಣಮ್ಮ. ಒಂದು ದಿನಾನೂ ತಪ್ಲಿಲ್ಲ. ನಿನ್ ಋಣ ನಾನು ಹೇಗೆ ತೀರಿಸ್ಲಿ?" ಅಂದರು. ಮಾವ ಬೈದು ಅಟ್ಟಿದ್ದರೂ ಅಮ್ಮ ತಡೆದುಕೊಳ್ಳುತ್ತಿದ್ದಳು. ಆ ಹೊಗಳಿಕೆಗೆ ನಿಂತಲ್ಲೇ ಕುಸಿದಳು.

ಭಾನುವಾರ ಸಭೆಯಲ್ಲಿ, ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಸಾಕ್ಷಿ ಹೇಳುವ ಹೊತ್ತಿಗೆ, ಪಾಸ್ಟರ್ ಮೆತ್ತಗೆ ಕೇಳಿದರು: "ಸಿಸ್ಟರ್, ತಾಯಿಯವರು ಕೊನೇಲಿ ಕರ್ತನನ್ನ ಒಪ್ಕೊಂಡ್ರಾ?" ಹೂಂ ಅಂದಿದ್ದರೆ ಇಡೀ ಹಾಲ್ ಸ್ತೋತ್ರ ಎಂದು ಕೂಗುತ್ತಿತ್ತು. ನಾನು ಪಕ್ಕದಲ್ಲಿ ಕೂತು, ಸುಳ್ಳು ಹೇಳಮ್ಮ, ಹೇಳಿಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. "ಇಲ್ಲ," ಅಂದಳು ಅಮ್ಮ. ನಮ್ಮಲ್ಲಿ ಯಾರಾದರೂ ಸತ್ತರೆ, ಪರಲೋಕದಲ್ಲಿ ಮತ್ತೆ ನೋಡ್ತೀವಿ ಬಿಡಿ ಎಂದು ಸಮಾಧಾನ ಹೇಳುವುದು ವಾಡಿಕೆ. ಅಂದು ಯಾರೂ ಅದನ್ನು ಹೇಳಲಿಲ್ಲ. ಒಬ್ಬರು ಬೇಗ ಬೇಗ ಹಾಡು ಎತ್ತಿಕೊಂಡರು.

"ದೇವರು ಅಷ್ಟೊಂದು ಕಲ್ಲೆದೆಯವನಲ್ಲಮ್ಮ. ಅಜ್ಜಿ ಮನಸ್ಸಲ್ಲಿ ಏನಿತ್ತು ಅಂತ ಅವನಿಗೆ ಗೊತ್ತಿಲ್ವಾ?" ಎಂದು ನಾನು ಜಗಳವಾಡಿದೆ. ಅಮ್ಮ ನನ್ನನ್ನೇ ನೋಡಿ, "ಕೇಳ್ತೀನಿ ಅಂದ್ಳಲ್ಲೇ. ಬಾಯ್ಬಿಟ್ಟು ಕೇಳಿದ್ಳಲ್ಲೇ," ಅಂದಳು.

ಆ ವಾರ ಒಂದು ದಿನ ಸಂಜೆಯ ಪ್ರಾರ್ಥನೆಗೆ ನಾವಿಬ್ಬರೇ ಚಾಪೆಯ ಮೇಲೆ ಮೊಣಕಾಲೂರಿದೆವು. ಅಮ್ಮ ಯಾವತ್ತಿನ ಹಾಗೆ ಊರಿಗೆ, ಆಳುವವರಿಗೆ, ಮಾವನ ಮನೆಗೆ, ಅಪ್ಪನಿಗೆ, ನನಗೆ ಒಳ್ಳೆಯದಾಗಲಿ ಎಂದು ಬೇಡಿಕೊಂಡಳು. ತನಗಾಗಿ ಬೇಡುವಾಗ ಧ್ವನಿ ಸಣ್ಣದಾಯಿತು. "ಕರ್ತನೇ, ನಮ್ಮಮ್ಮ ಈಗ ಎಲ್ಲಿದಾಳೋ, ನನ್ನೂ ಅಲ್ಲಿಗೇ ಕಳಿಸಪ್ಪ. ಅವಳಿಲ್ದಿರೋ ಪರಲೋಕ ನಂಗೆ ಬೇಡ."

ಒಬ್ಬರು ಪ್ರಾರ್ಥಿಸಿದರೆ ಕೇಳಿಸಿಕೊಂಡವರು ಆಮೆನ್, ಅಂದರೆ ಹಾಗೇ ಆಗಲಿ, ಅನ್ನಬೇಕು. ಅಮ್ಮ ಕಣ್ಣು ಮುಚ್ಚಿಕೊಂಡೇ ಕಾದಳು.

"ಆಮೆನ್ ಅನ್ನೇ," ಅಂದಳು.

ನನ್ನ ಕೈಲಿ ಆಗಲಿಲ್ಲ.